ಮೋರ್ಯರ ಮನೆ ಕಟ್ಟೋಣ: ಮಕ್ಕಳ ಜೊತೆ ಒಂದು ಪುಟ್ಟಿಯಷ್ಟು ಊರು

ನಮ್ಮ ಗಂಗಾವತಿ ಕಡೆ ಮಕ್ಕಳಿಗೆ ಮಣ್ಣು ಹೊಸದಲ್ಲ. ಕಾರ ಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅದಾದ ಮೇಲೆ ಆಷಾಢದ ಮಂಗಳವಾರ ಮಣ್ಣಲ್ಲಿ ಮಾಡಿ ಪೂಜಿಸುವ ಗುಳ್ಳವ್ವ. ನಾನು ಚಿಕ್ಕವಳಿದ್ದಾಗ ಈ ಒಂದೂವರೆ ತಿಂಗಳು ಉಗುರಿನ ಸಂದಿಯ ಮಣ್ಣು ಹೋಗುತ್ತಲೇ ಇರಲಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ನನ್ನ ಮಗಳು ಮೊಬೈಲ್ ತಂದು ಮುಂದೆ ಹಿಡಿದಳು. ‘ಅವ್ವಾ, ನಮಗೂ ಇಂಥಾದು ಬೇಕು.’ ಫೇರಿ ಗಾರ್ಡನ್. ಅಣಬೆಯಂಥ ಮನೆ, ಹಸಿರು ಪಾಚಿಯ ಹಾಸು, ರೆಕ್ಕೆ ಇರುವ ಪುಟಾಣಿ ಗೊಂಬೆ. ಚೆನ್ನಾಗಿತ್ತು. ಆದರೆ ಏಪ್ರಿಲ್ ಬಿಸಿಲಿಗೆ ನಮ್ಮ ಮಾಳಿಗೆ ಮೇಲೆ ಪಾಚಿ ಒಂದು ದಿನವೂ ಉಳಿಯುವುದಿಲ್ಲ. ‘ಅದು ಬ್ಯಾಡ, ಮೋರ್ಯಾರ ಊರು ಮಾಡೋಣು’ ಅಂದೆ. ಪಕ್ಕದಲ್ಲಿದ್ದ ನನ್ನ ತಮ್ಮನ ಮಗ ತಕ್ಷಣ ಎದ್ದು ಕೂತ. ‘ಅತ್ತಿ, ಮೋರ್ಯಾರು ಎಷ್ಟ ಎತ್ತರ ಇದ್ರು?’

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲು ಚಪ್ಪಡಿಗಳಲ್ಲಿ ಕಟ್ಟಿದ ಮನೆಯಂಥ ರಚನೆಗಳಿವೆ. ಎಲ್ಲ ಸೇರಿ ಸುಮಾರು 400. ಸುತ್ತ ನಿಂತ ಚಪ್ಪಡಿಗಳು, ಮೇಲೆ ಒಂದು ಚಪ್ಪಡಿಯ ಚಾವಣಿ. ಕೆಲವಕ್ಕೆ ಮುಂದಿನ ಕಲ್ಲಿನಲ್ಲಿ ದುಂಡಗಿನ ಕಿಂಡಿ. ಇವು ಕಬ್ಬಿಣದ ಕಾಲದ ಜನ ಸತ್ತವರಿಗಾಗಿ ಕಟ್ಟಿದ್ದು, ಎರಡು ಸಾವಿರ ವರ್ಷಕ್ಕಿಂತ ಹಳೆಯವು ಅಂತ ತಿಳಿದವರು ಹೇಳುತ್ತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ನಮ್ಮ ಹಿರಿಯರಿಗೆ ಮಾತ್ರ ಅವು ಮೋರ್ಯರ ಮನೆಗಳು. ಮೋರ್ಯರು ಅಂದರೆ ಹಿಂದೆ ಇದ್ದ ಗಿಡ್ಡ ಜನ. ನಾನು ಮಕ್ಕಳಿಗೆ ಎರಡನ್ನೂ ಹೇಳಿದೆ. ಎರಡೂ ಅವರಿಗೆ ಬೇಕು ಅಂತ ನನ್ನ ನಂಬಿಕೆ.

ಮೊದಲ ಕೆಲಸ ಮಣ್ಣು. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಹಾಳು.

ಹೊಲದ ಎರೆ ಮಣ್ಣು ಕೈಗೆ ಬೆಣ್ಣೆಯ ಹಾಗೆ ಇರುತ್ತದೆ. ಹೇಗೆ ಬೇಕೋ ಹಾಗೆ ಬಾಗುತ್ತದೆ. ಆದರೆ ಎರೆ ಮಣ್ಣು ನೀರು ಕುಡಿದು ಉಬ್ಬುವ ಮಣ್ಣು, ಒಣಗುವಾಗ ಅಷ್ಟೇ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವುದನ್ನು ನೋಡಿದ್ದೀರಲ್ವಾ, ಗೊಂಬೆಯ ಮೈಮೇಲೂ ಅದೇ ಆಗುತ್ತದೆ. ಬರೀ ಮಸಾರಿ ಮಣ್ಣು ತಂದರೆ ಉಲ್ಟಾ. ಅದರಲ್ಲಿ ಮರಳು ಜಾಸ್ತಿ, ಅಂಟು ಕಡಿಮೆ, ಕಾಲು ಎಳೆದರೆ ಕೈಗೇ ಬರುತ್ತದೆ. ಕೆರೆಯಂಗಳದ ಜೇಡಿ ಮಣ್ಣು ಒಳ್ಳೆಯದು. ಎಲ್ಲಕ್ಕಿಂತ ಸುಲಭ ಅಂದರೆ ಕುಂಬಾರರ ಮನೆಗೆ ಹೋಗಿ ಹದ ಮಾಡಿದ ಮಣ್ಣನ್ನೇ ಒಂದು ಉಂಡೆ ಕೊಂಡು ತರುವುದು. ನಾಲ್ಕೈದು ಮಕ್ಕಳಿಗೆ ನಾಲ್ಕು ಕೆಜಿ ಸಾಕು. ಕಾಲುವೆ ದಂಡೆಯ ಮಣ್ಣು ತರಲು ಮಕ್ಕಳನ್ನು ಕಳಿಸಬೇಡಿ, ನೀರು ಬಿಟ್ಟಾಗ ಅಲ್ಲಿ ಸೆಳೆತ ಬಹಳ. ಔಷಧಿ ಹೊಡೆದ ಗದ್ದೆಯ ಮಣ್ಣೂ ಬೇಡ.

ನೀವೇ ಮಣ್ಣು ತಂದಿದ್ದರೆ ಬಕೆಟ್‌ನಲ್ಲಿ ನೀರು ಹಾಕಿ ಎರಡು ದಿನ ನೆನೆಸಿ. ಚೆನ್ನಾಗಿ ಕಲಕಿ, ಒಂದು ನಿಮಿಷ ಬಿಡಿ. ಕಲ್ಲು, ಮರಳು ತಳ ಸೇರುತ್ತವೆ. ಮೇಲಿನ ಕೆಸರು ನೀರನ್ನು ಹಳೇ ಕಾಟನ್ ಸೀರೆಯಲ್ಲಿ ಸೋಸಿ ಇನ್ನೊಂದು ಬಕೆಟ್‌ಗೆ ಹಾಕಿ. ಗಾಜಿನ ಚೂರು, ಮುಳ್ಳು, ಬೇರು ಎಲ್ಲ ಸೀರೆಯಲ್ಲೇ ಉಳಿಯುತ್ತವೆ. ಈ ಕೆಲಸ ದೊಡ್ಡವರೇ ಮಾಡಬೇಕು. ಮಾರನೇ ದಿನ ತಿಳಿನೀರು ಬಸಿದು, ಉಳಿದ ಕೆಸರನ್ನು ಬಟ್ಟೆಯ ಮೇಲೆ ಹರಡಿ, ರೊಟ್ಟಿ ಹಿಟ್ಟಿನ ಹದಕ್ಕೆ ಬರುವವರೆಗೆ ನೆರಳಲ್ಲಿ ಬಿಡಿ.

ಹದ ನೋಡುವುದು ಹೀಗೆ. ಸ್ವಲ್ಪ ಮಣ್ಣು ತಗೊಂಡು ಪೆನ್ಸಿಲ್ ದಪ್ಪಕ್ಕೆ ಹೊಸೆಯಿರಿ. ಬೆರಳಿಗೆ ಉಂಗುರದ ಹಾಗೆ ಸುತ್ತಿ. ಸೀಳದೆ ಸುತ್ತಿಕೊಂಡರೆ ಅಂಟು ಸರಿ ಇದೆ. ಚೂರು ಚೂರಾದರೆ ಇನ್ನಷ್ಟು ಜೇಡಿ ಬೇಕು. ಎರೆ ಮಣ್ಣನ್ನೇ ಬಳಸುವುದಾದರೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಮರಳು ಸೇರಿಸಿ. ಜೊತೆಗೆ ಒಂದು ಹಿಡಿ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ನಾದಿ. ಹತ್ತಿಯ ಎಳೆ ಮಣ್ಣನ್ನು ಒಳಗಿನಿಂದ ಹಿಡಿದುಕೊಳ್ಳುತ್ತದೆ. ಭತ್ತದ ಹೊಟ್ಟು ದೊಡ್ಡ ಒಲೆಗೆ ಸರಿ, ಹೆಬ್ಬೆರಳಿನಷ್ಟು ಎತ್ತಿಗೆ ಅದು ಒರಟಾಗುತ್ತದೆ.

ಇನ್ನು ಮನೆ. ನಮ್ಮ ಮಕ್ಕಳಿಗೆ ಜೋಳದ ರೊಟ್ಟಿ ಬಡಿಯುವುದು ದಿನಾ ಕಾಣುವ ಕೆಲಸ. ಅದೇ ಕೈ ಇಲ್ಲಿಗೂ ಬೇಕು. ಹಲಗೆ ಮೇಲೆ ಒಂದು ಬಟ್ಟೆ ಹಾಸಿ, ಚಿಟಿಕೆ ಬೂದಿ ಉದುರಿಸಿ, ಮಣ್ಣಿನ ಉಂಡೆ ಇಟ್ಟು ಬಡಿಯಲು ಹೇಳಿ. ಆಮೇಲೆ ಎರಡೂ ಪಕ್ಕ ಒಂದೊಂದು ಮರದ ಸ್ಕೇಲ್ ಇಟ್ಟು ಲಟ್ಟಣಿಗೆ ಉರುಳಿಸಿದರೆ ದಪ್ಪ ಎಲ್ಲ ಕಡೆ ಒಂದೇ ಬರುತ್ತದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗಾದರೆ ತೆಳ್ಳಗಿನದು ಬೇಗ ಒಣಗಿ ಎಳೆಯುತ್ತದೆ, ಅಲ್ಲೇ ಸೀಳುತ್ತದೆ.

ಅಳತೆಗೆ ನಾವು ಬೆರಳೇ ಇಟ್ಟುಕೊಂಡೆವು. ಮೋರ್ಯ ಅಂದರೆ ಬೆರಳಿನ ಒಂದು ಗಣ್ಣು. ಎತ್ತು ಅಂದರೆ ಹೆಬ್ಬೆರಳು. ಮನೆ ನಾಲ್ಕು ಬೆರಳು ಎತ್ತರ. ಐದು ವರ್ಷದ ಮಗುವಿಗೆ ಇದಕ್ಕಿಂತ ಸಣ್ಣದು ಮಾಡು ಅಂದರೆ ಕೈ ಸೋಲುತ್ತದೆ, ಅಳು ಬರುತ್ತದೆ.

ನಾಲ್ಕು ಬೆರಳಿನ ನಾಲ್ಕು ಚೌಕ, ಚಾವಣಿಗೆ ಸ್ವಲ್ಪ ದೊಡ್ಡದೊಂದು. ಮುಂದಿನ ಚೌಕದ ನಡುವೆ ಪೆನ್ನಿನ ಮುಚ್ಚಳ ಒತ್ತಿ ತಿರುಗಿಸಿದರೆ ದುಂಡಗಿನ ಕಿಂಡಿ. ತಕ್ಷಣ ನಿಲ್ಲಿಸಬೇಡಿ, ಬಾಗುತ್ತವೆ. ಒಂದು ತಾಸು ನೆರಳಲ್ಲಿ ಬಿಟ್ಟು, ಅಂಚು ಹಿಡಿದು ಎತ್ತಿದರೆ ನೆಟ್ಟಗೆ ನಿಲ್ಲುವಾಗ ಜೋಡಿಸಿ. ಕೂಡುವ ಎರಡೂ ಅಂಚಿಗೆ ಹಳೇ ಬಾಚಣಿಕೆಯಿಂದ ಗೀರಿ. ಮಣ್ಣನ್ನೇ ಗಂಜಿಯ ಹಾಗೆ ಕಲಸಿ ಆ ಗೀರುಗಳಿಗೆ ಹಚ್ಚಿ, ಒತ್ತಿ ಹಿಡಿಯಿರಿ. ಬರೀ ನೀರು ಹಚ್ಚಿ ಅಂಟಿಸಿದ್ದು ಒಣಗಿದ ಮೇಲೆ ಬಿಟ್ಟುಕೊಳ್ಳುತ್ತದೆ. ಒಳಮೂಲೆಗೆ ಶಾವಿಗೆಯಂಥ ಒಂದು ಎಳೆ ಇಟ್ಟು ಬೆರಳಿಂದ ತೀಡಿದರೆ ಗಟ್ಟಿ.

ಎತ್ತಿಗೆ ಬೇರೆ ದಾರಿ. ಅಂಟಿಸುವುದೇ ಬೇಡ, ಎಲ್ಲ ಒಂದೇ ಉಂಡೆಯಿಂದ ಎಳೆಯಬೇಕು. ನಮ್ಮ ಅವ್ವ ಕಲಿಸಿದ್ದು ಹೀಗೆ. ನಿಂಬೆಹಣ್ಣಿನಷ್ಟು ಮಣ್ಣನ್ನು ಅಂಗೈಯಲ್ಲಿ ಉದ್ದಕ್ಕೆ ಹೊಸೆಯಿರಿ. ಹೆಬ್ಬೆರಳು, ತೋರುಬೆರಳಿನಿಂದ ಕೆಳಗಿನ ನಾಲ್ಕು ಮೂಲೆ ಹಿಂಡಿ ಕಾಲು ಇಳಿಸಿ. ಕಾಲು ಗಿಡ್ಡವಿರಲಿ, ದಪ್ಪವಿರಲಿ. ಮುಂದಿನ ತುದಿ ಮೇಲಕ್ಕೆ ಎಳೆದರೆ ಕುತ್ತಿಗೆ, ಬಾಗಿಸಿದರೆ ಮುಖ. ಕುತ್ತಿಗೆಯ ಹಿಂದೆ ಚಿವುಟಿ ಎತ್ತಿದರೆ ಇಣಿ, ಅಂದರೆ ಎತ್ತಿನ ಡುಬ್ಬ. ಇಣಿ ಎದ್ದ ಕೂಡಲೇ ಅದು ಎತ್ತಾಗುತ್ತದೆ, ಅಲ್ಲಿಯವರೆಗೆ ನಾಯಿಯೂ ಇರಬಹುದು, ಕುರಿಯೂ ಇರಬಹುದು. ನನ್ನ ಮಗಳು ಆ ಜಾಗಕ್ಕೆ ಬಂದಾಗ ಪ್ರತಿ ಸಲ ಉಸಿರು ಹಿಡಿಯುತ್ತಾಳೆ.

ಕೊಂಬಿಗೆ ಕಸಬರಿಗೆ ಕಡ್ಡಿ ಚುಚ್ಚಿ ಹಾಗೇ ಬಿಡಬೇಡಿ. ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ತಲೆ ಸೀಳುತ್ತದೆ. ಹಸಿ ಇದ್ದಾಗ ಚುಚ್ಚಿ ತೂತು ಮಾಡಿ, ಕಡ್ಡಿ ತೆಗೆದುಬಿಡಿ. ಪೂರ್ತಿ ಒಣಗಿದ ಮೇಲೆ ಅಂಟು ಹಚ್ಚಿ ಕೂರಿಸಿ. ಕಣ್ಣಿಗೆ ಹಿಂದೆ ಗುಲಗಂಜಿ ಇಡುತ್ತಿದ್ದೆವು. ಕೆಂಪು ಮೈ, ಕಪ್ಪು ಚುಕ್ಕೆ, ನೋಡಲು ಬಹಳ ಚಂದ. ಆದರೆ ಗುಲಗಂಜಿ ವಿಷ. ಜಗಿದು ನುಂಗಿದರೆ ಜೀವಕ್ಕೇ ಅಪಾಯ. ನನ್ನ ಮನೆಯಲ್ಲಿ ಈಗ ಅದನ್ನು ಇಡುವುದಿಲ್ಲ. ಜೋಳದ ಕಾಳು ಇಟ್ಟು ನಡುವೆ ಇದ್ದಿಲಿನ ಚುಕ್ಕೆ. ಕೊರಳ ಸರಕ್ಕೆ ಬಿಳಿ ಕುಸುಬಿ ಕಾಳು ಒತ್ತಿದರೆ ಮುತ್ತಿನ ಹಾಗೆ ಕಾಣುತ್ತದೆ. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿದ್ದರೆ ಕಾಳೂ ಬೇಡ, ಮೂಗಿಗೆ ಹಾಕಿಕೊಳ್ಳುತ್ತವೆ. ಅವರಿಗೆ ಒಂದು ಉಂಡೆ ಮಣ್ಣು, ಒತ್ತಲು ಒಂದು ಚಮಚ ಸಾಕು.

ಉಳಿದ ಸಾಮಾನು ಮಕ್ಕಳಿಗೇ ಬಿಡಿ. ನಮ್ಮಲ್ಲಿ ಒಲೆ, ಕೊಡ, ಒಳ್ಳು, ಬೀಸುವ ಕಲ್ಲು ಬಂದವು. ತಮ್ಮನ ಮಗ ಒಂದು ನಗಾರಿ ಮಾಡಿದ. ಹಿರೇಬೆಣಕಲ್ ಗುಡ್ಡದಲ್ಲಿ ನಗಾರಿಯಂಥ ದೊಡ್ಡ ಬಂಡೆ ಇದೆ, ಕಲ್ಲಿನಿಂದ ಬಡಿದರೆ ಸದ್ದು ಮಾಡುತ್ತದೆ ಅಂತ ಹೇಳಿದ್ದೆ, ಅದಕ್ಕೆ. ಅವನ ನಗಾರಿ ಮನೆಗಿಂತ ದೊಡ್ಡದಾಯಿತು. ನಾನು ಸರಿ ಮಾಡಲು ಹೋಗಲಿಲ್ಲ. ಮಕ್ಕಳು ಮಾಡಿದ್ದನ್ನು ನಾವು ಬೆರಳು ಹಾಕಿ ತಿದ್ದಿದರೆ ಅದು ಅವರದಾಗಿ ಉಳಿಯುವುದಿಲ್ಲ.

ಒಣಗಿಸುವುದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಲ ದಿನ ಮಾಡಿದ ಹನ್ನೆರಡು ಮನೆಗಳನ್ನು ಬೇಗ ಒಣಗಲಿ ಅಂತ ಮಾಳಿಗೆ ಬಿಸಿಲಿಗೆ ಇಟ್ಟೆ. ಬಿಸಿಗಾಳಿ ಬೇರೆ. ಸಂಜೆ ಹೋಗಿ ನೋಡಿದರೆ ಒಂದರ ಚಾವಣಿಯೂ ನೆಟ್ಟಗಿರಲಿಲ್ಲ. ಮಕ್ಕಳ ಮುಖ ನೋಡಲು ಆಗಲಿಲ್ಲ. ಮಾರನೇ ದಿನ ಮೊದಲಿಂದ ಶುರು ಮಾಡಿದೆವು. ಆ ಮೇಲೆ ಕಲಿತದ್ದು ಇದು: ಮೊದಲ ದಿನ ಒದ್ದೆ ಬಟ್ಟೆ ಹಿಂಡಿ ಮೇಲೆ ಹೊದಿಸಿ. ಎರಡನೇ ದಿನ ಬಟ್ಟೆ ತೆಗೆದು ಗಾಳಿ ಕಡಿಮೆ ಇರುವ ಮೂಲೆಯಲ್ಲಿಡಿ. ತಳ ಒಣಗಲು ದಿನಕ್ಕೊಮ್ಮೆ ಮಗ್ಗುಲು ಬದಲಿಸಿ. ನಾಲ್ಕೈದು ದಿನ ಬೇಕು. ಒಣಗಿದೆಯೋ ಇಲ್ಲವೋ ತಿಳಿಯಲು ಕೆನ್ನೆಗೆ ಮುಟ್ಟಿಸಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ. ಮಕ್ಕಳು ಇದನ್ನು ಬಹಳ ಇಷ್ಟಪಟ್ಟರು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಎತ್ತಿಗೆ ಕೆನ್ನೆ ಕೊಟ್ಟು ‘ಇನ್ನೂ ಹಸಿ ಐತಿ’ ಅಂತ ವರದಿ.

ಸುಡದ ಮಣ್ಣು ನೀರು ಬಿದ್ದರೆ ಕರಗುತ್ತದೆ. ಮನೆಯ ಒಲೆಯಲ್ಲಿ ಇಟ್ಟರೆ ಗಟ್ಟಿಯಾಗುವುದಿಲ್ಲ. ಮಣ್ಣು ಮತ್ತೆ ಕರಗದ ಹಾಗೆ ಆಗಲು 600 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಬೇಕಾದ್ದನ್ನು ಕುಂಬಾರರ ಆವಿಗೆಯಲ್ಲಿ ಕೇಳಿಕೊಂಡು ಸುಡಿಸಿ. ಹಸಿ ಇದ್ದರೆ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ, ಪಕ್ಕದ ಮಡಕೆಗೂ ಏಟು. ಹಾಗಾಗಿ ಕೆನ್ನೆಯ ಪರೀಕ್ಷೆ ಮಾಡಿಯೇ ಒಯ್ಯಿರಿ. ಆವಿಗೆಗೆ ಹೋಗುವುದಾದರೆ ಕಾಳು, ಕೊಂಬಿನ ಕಡ್ಡಿ ಎಲ್ಲ ಆಮೇಲೆ ಹಚ್ಚಿ.

ಕಾಲು ಮುರಿದರೆ ಹುಣಸೆ ಬೀಜದ ಅಂಟು ಮಾಡಿ. ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ನೀರು ಹಾಕಿ ಗಂಜಿಯಂತೆ ಕುದಿಸುವುದು. ಕೊಪ್ಪಳದ ಹತ್ತಿರ ಕಿನ್ನಾಳದ ಚಿತ್ರಗಾರರು ಕಟ್ಟಿಗೆಯ ಗೊಂಬೆಗಳ ಭಾಗ ಕೂಡಿಸಲು ಹುಣಸೆ ಬೀಜದ ಅಂಟನ್ನೇ ಬಳಸಿಕೊಂಡು ಬಂದಿದ್ದಾರೆ. ಬಣ್ಣಕ್ಕೆ ಕೆಂಪು ಬೇಕಾದರೆ ಜಾಜು, ಬಿಳಿಗೆ ಸೀಮೆಸುಣ್ಣದ ಪುಡಿ, ಎರಡಕ್ಕೂ ಇದೇ ಅಂಟು ಸ್ವಲ್ಪ. ಹಸಿ ಸುಣ್ಣ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಹಾರಿದರೆ ಸುಡುತ್ತದೆ.

ಈಗ ಊರು. ಸಿಮೆಂಟ್ ಹೊರುವ ಹಳೇ ಕಬ್ಬಿಣದ ಪುಟ್ಟಿ ತಗೊಂಡು ತಳಕ್ಕೆ ಮೊಳೆಯಿಂದ ನಾಲ್ಕೈದು ತೂತು ಹೊಡೆಯಿರಿ. ಎರಡು ಬೆರಳು ಬೆಣಚುಕಲ್ಲು, ಮೇಲೆ ಬಟ್ಟೆ, ಅದರ ಮೇಲೆ ಮಸಾರಿ ಮಣ್ಣು, ಮರಳು, ಹಳೇ ಗೊಬ್ಬರ ಸಮ ಸಮ. ಒಂದು ಮೂಲೆಗೆ ದುಂಡು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ. ಆನೆಗೊಂದಿ ಕಡೆಯ ಗುಡ್ಡಗಳು ಹಾಗೇ ಅಲ್ವಾ. ನನ್ನ ಮಗಳು ಅಂಜನಾದ್ರಿಗೆ ಇದ್ದ ಹಾಗೆ 575 ಮೆಟ್ಟಿಲು ಬೇಕೆಂದು ಹಟ ಹಿಡಿದಳು, ಹತ್ತೊಂಬತ್ತಕ್ಕೆ ಒಪ್ಪಿದಳು.

ಹುಲ್ಲಿಗೆ ನವಣೆ. ರಾತ್ರಿ ನೆನೆಸಿ, ಬೆಳಿಗ್ಗೆ ಒತ್ತಾಗಿ ಹರಡಿ, ತೆಳ್ಳಗೆ ಮಣ್ಣು ಉದುರಿಸಿ. ಒಂದು ವಾರದಲ್ಲಿ ಹಸಿರು ಹಾಸು, ಉದ್ದವಾದರೆ ಕತ್ತರಿಯಿಂದ ಕತ್ತರಿಸಿ. ಎರಡು ಮೂರು ವಾರ ಬಾಳುತ್ತದೆ, ಮತ್ತೆ ಬಿತ್ತಬಹುದು. ಮರಕ್ಕೆ ದೊಡ್ಡಪತ್ರೆಯ ಒಂದು ಟೊಂಗೆ ಚುಚ್ಚಿ, ತಾನೇ ಬೇರು ಬಿಡುತ್ತದೆ. ಹೂವಿಗೆ ಟೇಬಲ್ ರೋಸ್, ನಮ್ಮ ಬಿಸಿಲು ಅದಕ್ಕೆ ಹಿತ. ಒಂದು ತಟ್ಟೆಯಲ್ಲಿ ಕೆಸರು ಮಾಡಿ ಹತ್ತು ಭತ್ತದ ಕಾಳು ಹಾಕಿದರೆ ಗದ್ದೆ.

ಸುಡದ ಮನೆಗಳನ್ನು ಮಣ್ಣಿನ ಮೇಲೆ ನೇರ ಇಡಬೇಡಿ, ಬುಡ ನೀರು ಎಳೆಯುತ್ತದೆ. ಚಪ್ಪಟೆ ಕಲ್ಲಿನ ಮೇಲೆ ಕೂರಿಸಿ. ನೀರನ್ನು ಚಮಚದಿಂದ ಗಿಡದ ಬುಡಕ್ಕೆ ಮಾತ್ರ ಹಾಕಿ.

ಜೂನ್ ಮಳೆಗೆ ನಮ್ಮ ಪುಟ್ಟಿ ಹೊರಗೇ ಉಳಿದುಬಿಟ್ಟಿತ್ತು. ಸುಡಿಸಿದ್ದ ಎರಡು ಮನೆ, ಎತ್ತುಗಳು ಉಳಿದವು. ಉಳಿದದ್ದೆಲ್ಲ ಕುಸಿದಿತ್ತು. ತಮ್ಮನ ಮಗ ಕುಸಿದ ನಗಾರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಅದನ್ನು ಪೂರ್ತಿ ಒಣಗಿಸಿದೆವು. ಅರೆಹಸಿ ಗಡ್ಡೆ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಪೂರ್ತಿ ಒಣಗಿದ್ದು ಬುಸ್ ಅಂತ ಬಿಚ್ಚಿಕೊಳ್ಳುತ್ತದೆ. ಬಕೆಟ್‌ಗೆ ಹಾಕಿದಾಗ ಗುಳ್ಳೆ ಏಳುವುದನ್ನು ಬಗ್ಗಿ ನೋಡುತ್ತ ಅವನು ಕೇಳಿದ, ‘ಅತ್ತಿ, ಮಣ್ಣೆತ್ತಿನ ಅಮಾಸಿ ಯಾವಾಗ?’ ಇನ್ನೂ ಒಂಬತ್ತು ದಿನ ಇತ್ತು. ಮಣ್ಣು ಹದಕ್ಕೆ ಬರಲು ಅಷ್ಟು ಸಾಕಾಗಿತ್ತು.