ಉಟ್ಟ ರೇಷ್ಮೆ ಸೀರೆಗಳ ಅಂಗಡಿ ನಡೆಸೋದು ಹೇಗೆ: ಆರಿಸುವುದರಿಂದ ಮಾರುವವರೆಗೆ

ಯಾವ ಮನೆಯ ಬೀರು ತೆಗೆದರೂ ಇದು ಸಿಗುತ್ತದೆ. ಮದುವೆಗೆಂದು ತೆಗೆದ ರೇಷ್ಮೆ ಸೀರೆ, ಒಂದೋ ಎರಡೋ ಸಲ ಉಟ್ಟಿದ್ದು, ಆಮೇಲೆ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದು. ಮಗಳು ಉಡಲ್ಲ, ಸೊಸೆಗೆ ಬಣ್ಣ ಹಿಡಿಸಲ್ಲ. ಕೊನೆಗೆ ಒಂದು ದಿನ ಬೀದಿಯಲ್ಲಿ "ಹಳೇ ರೇಷ್ಮೆ ಸೀರೇ" ಅಂತ ಕೂಗಿಕೊಂಡು ಬರುವವರ ಚೀಲ ಸೇರುತ್ತದೆ. ಅವರು ಕೊಡುವುದು ಜರಿಯಲ್ಲಿರುವ ಬೆಳ್ಳಿಗೆ ಬೆಲೆ. ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಇದನ್ನು ನೋಡಲಾಗದೇ ನಾನು ಮೈಸೂರಿನಲ್ಲಿ ಉಟ್ಟ ಸೀರೆಗಳ ಅಂಗಡಿ ಇಟ್ಟೆ. ನೀವೂ ಇಡಬೇಕು ಅಂತಿದ್ದರೆ ನಾನು ಕಲಿತಿದ್ದನ್ನು ಹೇಳುತ್ತೇನೆ.

ನಿಮ್ಮ ಅಂಗಡಿಗೆ ಬರುವ ಪ್ರತಿಯೊಬ್ಬರ ಮನಸ್ಸಿನಲ್ಲೂ "ಯಾರೋ ಉಟ್ಟಿದ್ದು" ಅನ್ನುವ ಮಾತು ಇದ್ದೇ ಇರುತ್ತದೆ. ನಮ್ಮಲ್ಲಿ ಮಡಿ ಮೈಲಿಗೆ ಲೆಕ್ಕವೂ ಇದೆ, ಕೊಳೆ ಬೆವರಿನ ಅನುಮಾನವೂ ಇದೆ. ಆ ಅನುಮಾನ ಹೋಗದೆ ಒಂದು ಸೀರೆಯೂ ಹೊರಗೆ ಹೋಗುವುದಿಲ್ಲ. ಜೋಡಣೆ, ಬೆಲೆ ಚೀಟಿ, ಫೋಟೋ, ಎಲ್ಲವನ್ನೂ ಈ ಒಂದು ಕೆಲಸಕ್ಕೆ ಹೂಡಿ.

ಮೊದಲು ಕಲಿಯಬೇಕಾದ್ದು ಬೇಡ ಅನ್ನುವುದನ್ನು. ಪರಿಚಯದವರು ಚೀಲ ತುಂಬಾ ತರುತ್ತಾರೆ, ಬೇಜಾರು ಮಾಡಬಾರದು ಅಂತ ಎಲ್ಲಾ ಇಟ್ಟುಕೊಂಡರೆ ಮೂರು ತಿಂಗಳಲ್ಲಿ ಅಂಗಡಿ ಗುಜರಿ ಥರ ಕಾಣುತ್ತದೆ. ಸೀರೆಯನ್ನು ಪೂರ್ತಿ ಬಿಚ್ಚಿ, ಬಾಗಿಲ ಬೆಳಕಿಗೆ ಅಡ್ಡ ಹಿಡಿದು ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಆ ಗೆರೆಯಲ್ಲೇ ಪಿಸಿದಿರುತ್ತದೆ, ಮೇಲಿಂದ ಗೊತ್ತಾಗುವುದಿಲ್ಲ, ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ಬಿಳಿ ಗೆರೆಗಳು ಕಾಣುತ್ತವೆ. ಅಂಥದ್ದನ್ನು ಉಡುವುದಕ್ಕೆ ಮಾರಬೇಡಿ. ಇಳಕಲ್ ಸೀರೆಯಾದರೆ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಸೇರಿಸಿರುತ್ತಾರಲ್ಲ, ಆ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿ. ಕೆಳಗಿನ ಅಂಚು, ಫಾಲ್ ಹಿಂದೆ, ಸೊಂಟಕ್ಕೆ ಸಿಕ್ಕಿಸುವ ಕಡೆ, ಸೇಫ್ಟಿ ಪಿನ್ ಚುಚ್ಚುವ ಹೆಗಲಿನ ಜಾಗ, ಇಷ್ಟೂ ನೋಡಲೇಬೇಕು.

ಅಸಲಿ ಯಾವುದು ಅನ್ನುವುದರಲ್ಲಿ ಬಾಯಿ ಮಾತು ನಡೆಯಲ್ಲ. ಮೈಸೂರು ಸಿಲ್ಕ್ ಅಂತ ಹತ್ತು ಜನ ತಂದರೆ ಅದರಲ್ಲಿ ಎಷ್ಟೋ ಬೇರೆ ಕಡೆ ನೇಯ್ದ ಕ್ರೇಪ್ ಇರುತ್ತದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯನ್ನೇ ಈಗ ರಾಜ್ಯ ಸರ್ಕಾರದ ರೇಷ್ಮೆ ಸಂಸ್ಥೆ ಕೆಎಸ್‌ಐಸಿ ನಡೆಸುತ್ತಿದೆ. ಅವರ ಈಗಿನ ಸೀರೆಗಳಲ್ಲಿ ಒಂದೊಂದಕ್ಕೂ ಅದರದೇ ಸಂಖ್ಯೆ ಇರುತ್ತದೆ, ಹಾಲೋಗ್ರಾಂ ಕೂಡ ಇರುತ್ತದೆ. ಆ ಸಂಖ್ಯೆ ಇದ್ದರೆ ಗಿರಾಕಿಗೆ ತೋರಿಸಿ, ಮಾತು ಅಲ್ಲಿಗೆ ಮುಗಿಯುತ್ತದೆ. ಅವರ ಜರಿಯಲ್ಲಿ 65 ಶೇಕಡಾ ಬೆಳ್ಳಿ, 0.65 ಶೇಕಡಾ ಚಿನ್ನ. ಇದನ್ನೂ ಒಂದು ಚಿಕ್ಕ ಕಾರ್ಡಿನಲ್ಲಿ ಬರೆದು ಆ ಕಪಾಟಿನ ಹತ್ತಿರ ಇಡಿ, ಜನ ನಿಂತು ಓದುತ್ತಾರೆ. ಬೇರೆ ಸೀರೆಗಳಲ್ಲಿ ಅನುಮಾನ ಬಂದರೆ ಒಂದೆಳೆ ಕಿತ್ತು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಉಂಡೆಯಾಗುತ್ತದೆ. ಗೊತ್ತಾಗದಿದ್ದರೆ ಚೀಟಿಯ ಮೇಲೆ "ರೇಷ್ಮೆ" ಅಂತ ಬರೆಯಲೇಬೇಡಿ.

ಶುಚಿಯ ವಿಷಯಕ್ಕೆ ಬರೋಣ. ಬಾಗಿಲು ದಾಟಿದ ತಕ್ಷಣ ಮೂಗಿಗೆ ಕಮಟು ವಾಸನೆ ಬಡಿದರೆ ಗಿರಾಕಿ ಅಲ್ಲಿಂದಲೇ ವಾಪಸ್. ಬಂದ ಸೀರೆಯನ್ನು ನೆರಳಿನಲ್ಲಿ ಗಾಳಿಗೆ ಹರವಿ. ಬೇಕಾದ್ದನ್ನು ಡ್ರೈ ಕ್ಲೀನಿಂಗಿಗೂ, ಸುಕ್ಕು ತೆಗೆದು ಹೊಳಪು ಕೊಡುವ ರೋಲ್ ಪಾಲಿಶಿಗೂ ಕಳಿಸಿ, ಆ ರಸೀದಿಯನ್ನು ಸೀರೆಯ ಜೊತೆಗೇ ಇಡಿ. ಇದು ನನಗೆ ತುಂಬಾ ಉಪಯೋಗವಾಗಿದೆ. "ತೊಳೆಸಿದ್ದೀರಾ?" ಅಂತ ಕೇಳುವ ಮೊದಲೇ ರಸೀದಿ ಕೈಯಲ್ಲಿ ಇರುತ್ತದೆ. ನುಸಿಗುಳಿಗೆ ಹಾಕಬೇಡಿ, ಜರಿ ಕಪ್ಪಾಗುತ್ತದೆ, ವಾಸನೆ ಬಿಡುವುದೂ ಇಲ್ಲ. ಲಾವಂಚದ ಬೇರು ತೆಳು ಬಟ್ಟೆಯಲ್ಲಿ ಕಟ್ಟಿ ಕಪಾಟಿನ ಮೂಲೆಯಲ್ಲಿ ಇಟ್ಟರೆ ಸಾಕು. ಪ್ಲಾಸ್ಟಿಕ್ ಕವರ್ ಬೇಡ, ಹತ್ತಿ ಬಟ್ಟೆ ಸಾಕು. ಎರಡು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ.

ಶುರುವಿನಲ್ಲಿ ನಾನೊಂದು ತಪ್ಪು ಮಾಡಿದೆ. ಎಲೆಹಸಿರು ಬಣ್ಣದ, ಕುಂಕುಮದ ಅಂಚಿನ ಒಂದು ಸೀರೆ. ಸೆರಗಿನ ಹತ್ತಿರ ಸಾಸಿವೆ ಕಾಳಿನಷ್ಟು ತೂತು ಇತ್ತು. ಕಾಣಲ್ಲ ಬಿಡು ಅಂದುಕೊಂಡು ಒಳಮಡಿಕೆಗೆ ಹಾಕಿಟ್ಟೆ. ಕೊಳ್ಳಲು ಬಂದಾಕೆ ದುಡ್ಡು ಎಣಿಸುತ್ತಾ ಇದ್ದರು, ಅವರ ಜೊತೆ ಬಂದಿದ್ದ ಅತ್ತೆ ಸೆರಗು ಬಿಡಿಸಿ ಆ ತೂತಿನೊಳಗೆ ಕಿರುಬೆರಳಿನ ಉಗುರು ತೂರಿಸಿ ನನ್ನ ಮುಖ ನೋಡಿದರು. ಒಂದು ಮಾತೂ ಆಡಲಿಲ್ಲ. ಇಬ್ಬರೂ ಎದ್ದು ಹೋದರು. ಆ ಸೀರೆಯ ಜೊತೆಗೆ ಅವರು ತೆಗೆದಿಟ್ಟಿದ್ದ ಇನ್ನೂ ಮೂರು ಸೀರೆ ಅಲ್ಲೇ ಉಳಿಯಿತು. ಅವತ್ತಿಂದ ಎಲ್ಲಾ ಚೀಟಿಯಲ್ಲೂ "ಊನ" ಅಂತ ಒಂದು ಸಾಲು ಇದೆ. "ಸೆರಗಿನಲ್ಲಿ ಸಣ್ಣ ತೂತು, ರಫೂ ಮಾಡಿಸಿದೆ." "ಅಂಚಿನಲ್ಲಿ ಅರಿಶಿನದ ಕಲೆ, ನೆರಿಗೆಯೊಳಗೆ ಹೋಗುತ್ತದೆ." ಊನ ಇರುವ ಕಡೆ ಕೆಂಪು ದಾರದಲ್ಲಿ ಒಂದು ಸಡಿಲ ಗಂಟು ಹಾಕಿರುತ್ತೇನೆ, ಗಿರಾಕಿ ಹುಡುಕಬೇಕಾಗಿಲ್ಲ. ನೀವೇ ಮೊದಲು ತೋರಿಸಿದ ಊನಕ್ಕೆ ಜನ ಚೌಕಾಸಿ ಮಾಡುತ್ತಾರೆ ಅಷ್ಟೇ. ಅವರಾಗಿ ಕಂಡುಹಿಡಿದರೆ ಮತ್ತೆ ನಿಮ್ಮ ಅಂಗಡಿ ಕಡೆ ತಲೆ ಹಾಕುವುದಿಲ್ಲ. ಅಂದಹಾಗೆ ಚೀಟಿಯನ್ನು ದಾರದಲ್ಲಿ ಕುಚ್ಚಿಗೆ ಕಟ್ಟಿ, ಗುಂಡುಪಿನ್ನೂ ಬೇಡ, ಸ್ಟೇಪ್ಲರೂ ಬೇಡ.

ಜೋಡಿಸುವುದು ಹೇಗೆ? ಹೊಸ ಸೀರೆ ಅಂಗಡಿಯವರ ಹತ್ತಿರ ಒಂದೇ ನಮೂನೆ ಎಂಟು ಬಣ್ಣದಲ್ಲಿರುತ್ತದೆ, ನಮ್ಮ ಹತ್ತಿರ ಎಲ್ಲವೂ ಒಂದೊಂದೇ. ಹಾಗಾಗಿ ಕಂಚಿ, ಧರ್ಮಾವರಂ, ಮೊಳಕಾಲ್ಮೂರು ಅಂತ ಊರಿನ ಲೆಕ್ಕದಲ್ಲಿ ಇಟ್ಟರೆ ಹೊಸಬರಿಗೆ ತಲೆಬುಡ ಗೊತ್ತಾಗುವುದಿಲ್ಲ. ನಾನು ಉಡುವ ಸಂದರ್ಭದ ಮೇಲೆ ಇಟ್ಟಿದ್ದೇನೆ: ಮುಹೂರ್ತಕ್ಕೆ, ಆರತಕ್ಷತೆಗೆ, ಮನೆಯ ಪೂಜೆಗೆ, ಆಫೀಸಿಗೆ, ಕಾಲೇಜಿನ ಎಥ್ನಿಕ್ ಡೇಗೆ. ಒಂದೊಂದರ ಒಳಗೂ ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ. ಭಾರದ ರೇಷ್ಮೆಯನ್ನು ನೇತು ಹಾಕಬೇಡಿ, ಜಗ್ಗುತ್ತದೆ. ಬಾಗಿಲ ಹತ್ತಿರ ನೆರಳಿರುವ ಕಡೆ ನಾಲ್ಕೈದು ಮಾತ್ರ ಹರವಿ, ಪ್ರತಿ ಶುಕ್ರವಾರ ಬದಲಾಯಿಸಿ. ಕನ್ನಡಿಯನ್ನು ಟ್ಯೂಬ್‌ಲೈಟಿನ ಕೆಳಗೆ ಇಡದೆ ಹಗಲು ಬೆಳಕು ಬೀಳುವ ಕಡೆ ಇಡಿ. ಮನೆಗೆ ಹೋದ ಮೇಲೆ ಬಣ್ಣ ಬೇರೆ ಕಂಡರೆ ಮತ್ತೆ ಅದೇ ಅನುಮಾನ ಶುರು.

ಸರಕನ್ನು ದುಡ್ಡು ಕೊಟ್ಟು ಕೊಳ್ಳುವುದಕ್ಕಿಂತ, ಮಾರಿದ ಮೇಲೆ ಹಣ ಕೊಡುವ ಒಪ್ಪಂದ ಒಳ್ಳೆಯದು. ನನ್ನದು 60-40, ದೊಡ್ಡ ಪಾಲು ಸೀರೆಯ ಒಡತಿಗೆ. ಅವಧಿ 90 ದಿನ. 30 ದಿನ ಆದರೆ ಬೆಲೆ ಸ್ವಲ್ಪ ಇಳಿಯುತ್ತದೆ, 60 ಆದರೆ ಇನ್ನೂ ಸ್ವಲ್ಪ, 90 ಆದರೆ ವಾಪಸ್. ಇದೆಲ್ಲಾ ರಸೀದಿಯಲ್ಲಿ ಕನ್ನಡದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ, ನೆಂಟರಾದರೂ ಸರಿ. ತಂದವರ ಹೆಸರು, ಫೋನ್ ನಂಬರ್ ಪುಸ್ತಕದಲ್ಲಿ ಇರಲೇಬೇಕು. ಬೆಲೆ ಇಡುವಾಗ ಬಿಲ್ ಇದ್ದರೆ ಮಾತ್ರ ಹೊಸದರ ಬೆಲೆ ಬರೆಯಿರಿ. ಚೆನ್ನಾಗಿರುವ ಸೀರೆಗೆ ಅದರ ಅರ್ಧದ ಆಸುಪಾಸು ನಡೆಯುತ್ತದೆ. ಈಗ ಯಾರೂ ನೇಯದ ಹಳೇ ಬುಟ್ಟಾ, ಅಗಲ ಜರಿ ಅಂಚು ಇದ್ದರೆ ಈ ಲೆಕ್ಕ ಹಿಡಿಯಬೇಡಿ, ಜಾಸ್ತಿ ಕೇಳಿ.

ತೆರಿಗೆ ಬಗ್ಗೆ ಚಿಕ್ಕದಾಗಿ. ಜಿಎಸ್‌ಟಿಯಲ್ಲಿ ಹಳೇ ಸಾಮಾನು ಕೊಂಡು ಮಾರುವವರು, ಖರೀದಿಯ ಮೇಲೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆಯುವುದು) ತೆಗೆದುಕೊಳ್ಳದಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟುವ ಅವಕಾಶ ಇದೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಹೊರ ರಾಜ್ಯಕ್ಕೆ ಕೊರಿಯರ್ ಮಾಡುವ ಯೋಚನೆ ಇದ್ದರೆ ಶುರು ಮಾಡುವ ಮೊದಲೇ ಆಡಿಟರ್ ಹತ್ತಿರ ಕೂತು ಮಾತಾಡಿ. ಬೋರ್ಡಿನಲ್ಲಿ 60 ಶೇಕಡಾ ಕನ್ನಡ ಇರಬೇಕು ಅನ್ನುವ ಕಾನೂನೂ 2024ರಿಂದ ಇದೆ. ಕನ್ನಡದಲ್ಲಿ ಬರೆದರೆ ವ್ಯಾಪಾರಕ್ಕೇ ಒಳ್ಳೆಯದು. "ಸೆಕೆಂಡ್ ಹ್ಯಾಂಡ್" ಅಂದರೆ ಜನ ಮೂಗು ಮುರಿಯುತ್ತಾರೆ, ಸುಳ್ಳು ಹೇಳಿ ಹೊಸದು ಅನ್ನುವುದಕ್ಕೂ ಆಗಲ್ಲ. ನನ್ನ ಬೋರ್ಡಿನಲ್ಲಿ "ಒಮ್ಮೆ ಉಟ್ಟ, ಜೋಪಾನವಾಗಿಟ್ಟ ಸೀರೆಗಳು" ಅಂತಿದೆ.

ಪ್ರಚಾರಕ್ಕೆ ದುಡ್ಡು ಸುರಿಯಬೇಕಾಗಿಲ್ಲ, ಪಂಚಾಂಗ ನೋಡಿಕೊಂಡು ಕೆಲಸ ಮಾಡಿ. ಆಷಾಢದಲ್ಲಿ ಮದುವೆ ಇಲ್ಲ, ಹೊಸ ಅಂಗಡಿಗಳಲ್ಲಿ ರಿಯಾಯಿತಿಯ ಅಬ್ಬರ, ಆಗ ನಾವು ಮಾರಲು ಒದ್ದಾಡುವುದು ಸುಮ್ನೆ ದಂಡ. ಅದು ಸೀರೆ ಕೂಡಿಸುವ ತಿಂಗಳು. ಅಪಾರ್ಟ್‌ಮೆಂಟು, ಭಜನಾ ಮಂಡಳಿಗಳಿಗೆ ಹೇಳಿ ಕಳಿಸಿ, ಹಬ್ಬಕ್ಕೆ ಬೀರು ಖಾಲಿ ಮಾಡುವವರು ಆಗಲೇ ಸಿಗುತ್ತಾರೆ. ಶ್ರಾವಣ ಹುಟ್ಟಿದ ಕೂಡಲೇ ವರಮಹಾಲಕ್ಷ್ಮಿಗೆ ಹೊರಗೆ ತೆಗೆಯಿರಿ. ದಸರಾಕ್ಕೆ ನಾನು ಅಂಗಡಿಯಲ್ಲಿ ಗೊಂಬೆ ಕೂರಿಸುತ್ತೇನೆ, ಮೆಟ್ಟಿಲುಗಳ ಮೇಲೆ ಬಿಳಿ ಬಟ್ಟೆಯ ಬದಲು ಒಂಬತ್ತು ಹಳೇ ಸೀರೆ ಹಾಸುತ್ತೇನೆ. ಗೊಂಬೆ ನೋಡಲು ಬಂದವರು ಸೀರೆ ಮುಟ್ಟಿ ನೋಡದೇ ಹೋಗಿದ್ದಿಲ್ಲ.

ಉಳಿದ ದಿನಗಳಲ್ಲಿ ವಾಟ್ಸಾಪ್ ಸ್ಟೇಟಸ್ಸೇ ನನ್ನ ಪೇಪರ್ ಜಾಹೀರಾತು. ದಿನಕ್ಕೆ ಮೂರೇ ಸೀರೆ, ಬೆಳಿಗ್ಗೆ ಒಂಬತ್ತರೊಳಗೆ. ನಾಲ್ಕು ಫೋಟೋ: ಪೂರ್ತಿ ಸೀರೆ, ಸೆರಗು, ಅಂಚಿನ ಹಿಂಬದಿ, ಊನ ಇರುವ ಜಾಗ. ಊನದ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಅಳತೆ ಗೊತ್ತಾಗುತ್ತದೆ. ಫಿಲ್ಟರ್ ಹಾಕಬೇಡಿ. ಬೆಲೆ ಬರೆಯಿರಿ, "ಬೆಲೆಗೆ ಮೆಸೇಜ್ ಮಾಡಿ" ಅಂದರೆ ಅರ್ಧ ಜನ ಮುಂದಕ್ಕೆ ಹೋಗುತ್ತಾರೆ. ಮಾರಿಹೋದದ್ದನ್ನೂ ಅಳಿಸದೆ "ಹೋಯಿತು" ಅಂತ ಬರೆದು ಬಿಡಿ, ಮುಂದಿನ ಸಲ ತಡಮಾಡದೆ ಬರುತ್ತಾರೆ.

ಮತ್ತೆ, ಸೀರೆ ಕೊಟ್ಟವರನ್ನು ಮರೆಯಬೇಡಿ. ಮಾರಿದ ದಿನವೇ ಫೋನ್ ಮಾಡಿ ಹಣ ಕಳಿಸಿ, ಕೊಂಡವರ ಹೆಸರು ಹೇಳದೆ ಸೀರೆ ಯಾವ ಸಮಾರಂಭಕ್ಕೆ ಹೋಯಿತು ಅಂತ ಹೇಳಿ. ಒಬ್ಬ ಅಜ್ಜಿಗೆ ಹೀಗೇ ಫೋನ್ ಮಾಡಿ "ನಿಮ್ಮ ಧಾರೆ ಸೀರೆಯನ್ನು ಒಂದು ಹುಡುಗಿ ತನ್ನ ನಿಶ್ಚಿತಾರ್ಥಕ್ಕೆ ತಗೊಂಡಳು ಅಮ್ಮಾ" ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಆ ಮಗೂಗೆ ನೆರಿಗೆ ಸರಿಯಾಗಿ ಹಿಡಿಯಕ್ಕೆ ಹೇಳಮ್ಮ, ಆ ಸೀರೆ ಜಾರುತ್ತೆ" ಅಂದರು. ಮುಂದಿನ ವಾರ ಅವರ ತಂಗಿ ಏಳು ಸೀರೆ ತಂದುಕೊಟ್ಟರು.