ಸ್ಪಿತಿಯಲ್ಲಿ ಎಂಟಿಬಿ: ಕಿಲೋಮೀಟರ್ ಬಿಡಿ, ಗಡಿಯಾರ ನೋಡಿ

ನಕ್ಷೆಯಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆ ಬಹಳ ಸಲೀಸಾಗಿ ಕಾಣುತ್ತದೆ. ಕುಂಜುಮ್ ಎಂಬ ಘಟ್ಟದ ಕಡೆಯಿಂದ ಆಗ್ನೇಯಕ್ಕೆ ಹರಿದು ಬಂದು ಕಿನ್ನೌರಿನ ಖಾಬ್ ಹತ್ತಿರ ಸಟ್ಲೆಜ್ ಸೇರುವ ಒಂದು ನದಿ, ಎರಡೂ ಬದಿಗೆ ಬೋಳು ಬೆಟ್ಟಸಾಲು, ನದಿಗುಂಟ ಒಂದು ರಸ್ತೆ. ಸೈಕಲ್ ತಂದವರಲ್ಲಿ ಹೆಚ್ಚಿನವರು ಆ ರಸ್ತೆಯನ್ನೇ ಹಿಡಿದು, ಲಾರಿಗಳ ದೂಳು ಕುಡಿದು ವಾಪಸಾಗುತ್ತಾರೆ. ಎಂಟಿಬಿ, ಅಂದರೆ ಬೆಟ್ಟದ ಕಚ್ಚಾ ದಾರಿಗೆಂದೇ ಮಾಡಿದ ಮೌಂಟನ್ ಬೈಕ್, ಓಡಿಸುವವರಿಗೆ ಬೇಕಾದ ದಾರಿ ಇರುವುದು ನದಿಯಿಂದ ನೂರಾರು ಮೀಟರ್ ಮೇಲೆ, ಎಡದಂಡೆಯ ಹೆಗಲ ಮೇಲಿರುವ ಊರುಗಳ ನಡುವೆ: ಲಾಂಗ್ಜಾ, ಹಿಕ್ಕಿಂ, ಕೋಮಿಕ್, ದೇಮುಲ್, ಲಾಲುಂಗ್, ಧಂಕರ್. ಚಾರಣದವರು ನಡೆಯುವ ಹಾದಿಯೇ ಇದು. ಕೆಲವು ಕಡೆ ಜೀಪ್ ರಸ್ತೆ, ಕೆಲವು ಕಡೆ ಬರೀ ಕಾಲುದಾರಿ. ನಾನು ಅಲ್ಲಿ ಹೇಗೆ ಓಡಿಸುತ್ತೇನೆ ಅನ್ನುವುದನ್ನಷ್ಟೇ ಬರೆಯುತ್ತಿದ್ದೇನೆ.

ಹೋಗುವುದು ಶಿಮ್ಲಾ ಕಡೆಯಿಂದಲೇ. ಮನಾಲಿಯಿಂದ ಹೊರಟರೆ 2,000 ಮೀಟರಿನಲ್ಲಿ ತಿಂಡಿ ತಿಂದವರು ಅದೇ ದಿನ 4,500 ಮೀಟರಿನ ಕುಂಜುಮ್ ದಾಟಿ ಸ್ಪಿತಿಯ ಮುಖ್ಯ ಊರಾದ ಕಾಜಾದಲ್ಲಿ ಮಲಗುತ್ತಾರೆ, ಮರುದಿನ ಪೂರ್ತಿ ತಲೆ ಹಿಡಿದುಕೊಂಡು ಕೂರುತ್ತಾರೆ. ಕಿನ್ನೌರಿನ ದಾರಿ ಉದ್ದ, ಆದರೆ ನಿಧಾನವಾಗಿ ಏರಿಸುತ್ತದೆ. ರೆಕಾಂಗ್ ಪಿಯೋದಿಂದ ಕಾಜಾಕ್ಕೆ ಸರ್ಕಾರಿ ಬಸ್ಸಿದೆ. ನಾನು ಮಧ್ಯದಲ್ಲಿ ತಾಬೋದಲ್ಲಿ ಇಳಿದುಬಿಡುತ್ತೇನೆ. ಅದು ಸುಮಾರು 3,280 ಮೀಟರ್, ಕಾಜಾಕ್ಕಿಂತ ತಗ್ಗು. ಕ್ರಿ.ಶ. 996ರಲ್ಲಿ ಕಟ್ಟಿದ ಮಣ್ಣಿನ ಮಠ ನೋಡಿಕೊಂಡು ಸುಮ್ಮನೆ ಓಡಾಡಿಕೊಂಡಿದ್ದರೆ ಮೈ ತಾನಾಗಿ ಒಗ್ಗುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂದು ವೈದ್ಯರು ಹೇಳುತ್ತಾರೆ. ಹಗಲು ಎಷ್ಟಾದರೂ ಹತ್ತಿ, ರಾತ್ರಿ ಕೆಳಗೆ ಬಂದು ಮಲಗಿ.

ಬಸ್ಸಿನ ಟಾಪಿಗೆ ಸೈಕಲ್ ಏರಿಸುವ ಮೊದಲು ಎರಡೂ ಚಕ್ರ ಬಿಚ್ಚಿ, ಡಿಸ್ಕ್ ರೋಟರಿಗೆ (ಬ್ರೇಕ್ ಹಿಡಿಯುವ ಲೋಹದ ತಟ್ಟೆಗೆ) ರಟ್ಟು ಕಟ್ಟಿ, ಬ್ರೇಕ್ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಬೇಕು. ಅದಿಲ್ಲದೆ ಲಿವರ್ ಒತ್ತಿದರೆ ಪ್ಯಾಡ್ ಎರಡೂ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ. ಬಿಚ್ಚಿಟ್ಟ ಸೈಕಲ್ಲಿನ ಲಿವರ್ ಕಂಡೂ ಒತ್ತದೆ ಬಿಡುವ ಮನುಷ್ಯನನ್ನು ನಾನಂತೂ ಇನ್ನೂ ಕಂಡಿಲ್ಲ.

ಟೈರಿನ ಗಾಳಿಯ ವಿಷಯ ಬಹಳ ಜನ ಯೋಚಿಸುವುದಿಲ್ಲ. ಗೇಜು ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸ. ಮೇಲೆ ಹೋದಂತೆ ಹೊರಗಿನದು ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 22 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ ಟೈರು ಕಾಜಾದ ಎತ್ತರದಲ್ಲಿ, ಅಂದರೆ ಸುಮಾರು 3,650 ಮೀಟರಿನಲ್ಲಿ, ಉಷ್ಣಾಂಶ ಅಷ್ಟೇ ಇದ್ದರೆ ಹತ್ತಿರಹತ್ತಿರ 27 ತೋರಿಸುತ್ತದೆ. ಆ ಐದು ಪಿಎಸ್‌ಐ ಸಡಿಲ ಕಲ್ಲಿನ ಮೇಲೆ ಚೆನ್ನಾಗಿ ಗೊತ್ತಾಗುತ್ತದೆ: ಟೈರು ಹಿಡಿಯುವ ಬದಲು ಪುಟಿಯುತ್ತದೆ. ಕಾಜಾಕ್ಕೆ ಬಂದ ಮೇಲೆ ಬಿಟ್ಟು ಸರಿಮಾಡಿಕೊಳ್ಳುತ್ತೇನೆ. ಮುಂದಿನ ಚಕ್ರ ಹಿಡಿದು ಕುಲುಕಾಟ ತಡೆಯುವ, ಗಾಳಿಯಿಂದ ಕೆಲಸ ಮಾಡುವ ಫೋರ್ಕಿಗೂ ಇದೇ ಲೆಕ್ಕ. ಕೈಪಂಪಿಗೆ ಮಾತ್ರ ಅಲ್ಲಿ ದುಪ್ಪಟ್ಟು ತಾಳ್ಮೆ ಬೇಕು, ಒಂದೊಂದು ಹೊಡೆತದಲ್ಲೂ ಒಳಗೆ ಹೋಗುವ ಗಾಳಿಯೇ ಕಡಿಮೆ.

ಇನ್ನು ಗಡಿಯಾರ. ಸ್ಪಿತಿಯಲ್ಲಿ ಬೆಳಗ್ಗೆ ಗಾಳಿ ಇರುವುದಿಲ್ಲ. ಬಿಸಿಲು ಬೆಟ್ಟದ ಮೈ ಕಾಯಿಸುತ್ತಿದ್ದಂತೆ ಮೇಲಿನ ಗಾಳಿ ಏರುತ್ತದೆ, ಅದರ ಜಾಗಕ್ಕೆ ಕೆಳಕಣಿವೆಯಿಂದ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನದಿಯ ಹರಿವಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ, ಮರಳು ಎತ್ತಿ ಮುಖಕ್ಕೆ ಎರಚುವಷ್ಟು ಜೋರು. ಆದ್ದರಿಂದ ಕಾಜಾದಿಂದ ತಾಬೋ ಕಡೆಗೆ ‘ಇಳಿಜಾರು ತಾನೆ’ ಎಂದು ಊಟ ಮುಗಿಸಿ ಹೊರಟವರು ಇಳಿಜಾರಿನಲ್ಲೂ ಪೆಡಲ್ ತುಳಿಯುತ್ತಾರೆ. ಹಳ್ಳಗಳಿಗೂ ಹೊತ್ತಿದೆ. ರಾತ್ರಿ ಮೇಲಿನ ಹಿಮ ಹೆಪ್ಪುಗಟ್ಟಿರುವುದರಿಂದ ಬೆಳಗ್ಗೆ ಪಾದ ಮುಳುಗುವಷ್ಟೇ ಇರುವ ನೀರು ಸಂಜೆಗೆ ಮೊಣಕಾಲು ದಾಟಿ, ಕಲ್ಲು ಉರುಳಿಸಿಕೊಂಡು ಬರುತ್ತದೆ. ನಾನು ಬೆಳಕು ಹರಿಯುವಾಗ ಸೀಟಿನ ಮೇಲಿರುತ್ತೇನೆ, ಹಳ್ಳ ದಾಟುವ ದಾರಿಯಿದ್ದರೆ ಹತ್ತು ಗಂಟೆಯೊಳಗೆ ದಾಟಿರುತ್ತೇನೆ. ಸೆಪ್ಟೆಂಬರ್ ಆದರೆ ಒಳ್ಳೆಯದು. ಹಿಮ ಕರಗುವುದು ಕಡಿಮೆಯಾಗಿರುತ್ತದೆ, ಕಿನ್ನೌರಿನ ಕಡೆ ಮಳೆಗೆ ಗುಡ್ಡ ಕುಸಿದು ರಸ್ತೆ ಮುಚ್ಚುವ ಕಾಟವೂ ಇಳಿದಿರುತ್ತದೆ.

ಕಾಜಾದಿಂದ ಕೋಮಿಕ್‌ಗೆ 900 ಮೀಟರಿಗೂ ಹೆಚ್ಚಿನ ಏರು, 4,587 ಮೀಟರಿಗೆ ಮುಟ್ಟಿಸುತ್ತದೆ. ಅಲ್ಲಿ ಸಮುದ್ರಮಟ್ಟದ ಒತ್ತಡದ ಶೇ. 57–58ರಷ್ಟೇ ಉಳಿದಿರುತ್ತದೆ. ಇಲ್ಲಿ ಕಾಲಿನ ಶಕ್ತಿಗಿಂತ ಉಸಿರಿನ ಲೆಕ್ಕ ಮುಖ್ಯ. ಒಂದು ಪೂರ್ತಿ ವಾಕ್ಯ ಬಾಯಿಬಿಟ್ಟು ಹೇಳಲು ಆಗದಿದ್ದರೆ ಗೇರ್ ಇಳಿಸುತ್ತೇನೆ. ಗೇರ್ ಮುಗಿದಿದ್ದರೆ ಇಳಿದು ತಳ್ಳುತ್ತೇನೆ. ತಳ್ಳುವುದರಲ್ಲಿ ನಾಚಿಕೆ ಏನಿದೆ? ಆ ದಾರಿಯಲ್ಲಿ ಮೋಟಾರ್‌ಬೈಕುಗಳೇ ಏದುಸಿರು ಬಿಡುತ್ತವೆ. ಮುಂದೆ ಪೆಡಲ್ ಬಳಿ 30 ಹಲ್ಲಿನ ಚೈನ್‌ರಿಂಗ್, ಹಿಂದೆ 51 ಹಲ್ಲಿನ ದೊಡ್ಡ ಗೇರ್ ನನಗೆ ಸಾಕಾಗಿದೆ.

ನೆಲದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಲಾಂಗ್ಜಾ ಸುತ್ತ ಕಪ್ಪು ಶೇಲ್ ಕಲ್ಲಿದೆ. ಭೂವಿಜ್ಞಾನಿಗಳು ಇದಕ್ಕೆ ಸ್ಪಿತಿ ಶೇಲ್ ಎಂದೇ ಹೆಸರಿಟ್ಟಿದ್ದಾರೆ. ಹಿಮಾಲಯ ಏಳುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದ ತಳದ ಕೆಸರು ಗಟ್ಟಿಯಾಗಿ ಆದದ್ದು. ಅದರೊಳಗೆ ಸುರುಳಿ ಸುರುಳಿಯಾದ ಅಮೋನೈಟ್ ಪಳೆಯುಳಿಕೆಗಳು ಸಿಗುತ್ತವೆ (ಮಕ್ಕಳು ಮಾರಲು ತಂದರೂ ಕೊಳ್ಳಬೇಡಿ). ಸೈಕಲ್ಲಿನವನಿಗೆ ಇದು ಬೇರೆಯದೇ ಕಥೆ. ಆ ಕಲ್ಲು ಹಪ್ಪಳದ ಹಾಗೆ ಪದರು ಪದರಾಗಿ ಒಡೆದು, ಗಟ್ಟಿ ನೆಲದ ಮೇಲೆ ಹರಡಿಕೊಂಡಿರುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ತಿರುಗಿಸಿದರೆ ಚಕ್ರ ಸದ್ದಿಲ್ಲದೆ ಜಾರುತ್ತದೆ. ಬ್ರೇಕಿನ ಕೆಲಸ ಪೂರ್ತಿ ತಿರುವಿನ ಮುಂಚೆಯೇ, ಸೈಕಲ್ ನೆಟ್ಟಗಿರುವಾಗಲೇ ಮುಗಿಯಬೇಕು. ತಿರುವಿನೊಳಗೆ ಬೆರಳು ಲಿವರ್ ಮೇಲಿದ್ದರೂ ಒತ್ತಬಾರದು. ಹೊರಗಿನ ಪೆಡಲ್ ಕೆಳಗೆ, ಮೈಭಾರ ಪೂರ್ತಿ ಅದರ ಮೇಲೆ, ಕಣ್ಣು ತಿರುವಿನ ಆಚೆ ತುದಿಯಲ್ಲಿ. ಅಂಚು ಹರಿತವಾದ ಚೂರುಗಳು ಟೈರಿನ ಪಕ್ಕೆಯನ್ನು ಕೊಯ್ಯುತ್ತವೆ. ಸಣ್ಣ ಸೀಳಾದರೆ ತೂತು ಮುಚ್ಚಲೆಂದು ಒಳಗೆ ಹಾಕಿದ ಸೀಲೆಂಟ್ ದ್ರವ ಬಿಳಿ ನೊರೆಯಾಗಿ ಬುಸ್ ಎಂದು ಉಕ್ಕುತ್ತದೆ. ಆ ಜಾಗ ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿದುಕೊಂಡರೆ ದ್ರವ ಅಲ್ಲೇ ನಿಂತು ಹೆಚ್ಚಿನ ಸಲ ಮುಚ್ಚಿಕೊಳ್ಳುತ್ತದೆ. ದೊಡ್ಡ ಸೀಳಾದರೆ ರಬ್ಬರ್ ಪ್ಲಗ್, ಅದಕ್ಕೂ ಬಗ್ಗದಿದ್ದರೆ ಟ್ಯೂಬ್. ಟ್ಯೂಬ್‌ಲೆಸ್ ಇದ್ದವರೂ ಒಂದು ಟ್ಯೂಬ್ ಇಟ್ಟುಕೊಂಡಿರಲೇಬೇಕು.

ಕೋಮಿಕ್‌ನಿಂದ ದೇಮುಲ್‌ವರೆಗೆ ಮೇಯುವ ಬಯಲು, ಏರುತ್ತ ಇಳಿಯುತ್ತ ಹೋಗುತ್ತದೆ. ಇಡೀ ಕಣಿವೆಯಲ್ಲಿ ನನಗೆ ಅತಿ ಇಷ್ಟವಾದ ತುಂಡು ಇದು. ಊರಿನ ಹೊಲಗಳ ಅಂಚಿಗೆ ಬಂದಾಗ ಮಾತ್ರ ಇಳಿದು ನಡೆಯಿರಿ. ಅಲ್ಲಿನ ಬಾರ್ಲಿ, ಬಟಾಣಿ ಎಲ್ಲವೂ ಬದುಕುವುದು ಹಿಮದ ನೀರು ತರುವ ಕೂಲ್ ಎಂಬ ಸಣ್ಣ ಕಾಲುವೆಗಳಿಂದ. ಒಂದು ಟೈರಿನ ಗೀರು ಸಾಕು, ಏರಿ ಒಡೆದು ನೀರು ಹೊಲ ತಪ್ಪಿಹೋಗಲು. ದಾರಿಯಲ್ಲಿ ಮಂತ್ರ ಕೆತ್ತಿದ ಮಣಿ ಕಲ್ಲುಗಳ ಗೋಡೆ, ಸ್ತೂಪ ಸಿಕ್ಕರೆ ಅದು ನಿಮ್ಮ ಬಲಗಡೆಗೆ ಬರುವಂತೆ ಸಾಗಿ. ದೇಮುಲ್‌ನಲ್ಲಿ ಒಬ್ಬ ಹಿರಿಯರು ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, “ಬ್ರೇಕ್ ಇದೆ ತಾನೆ ಬೇಟಾ?” ಎಂದು ಕೇಳಿದ್ದರು. ಮುಂದಿನ ಇಳಿಜಾರು ನೋಡಿದಾಗ ಅವರು ಕೇಳಿದ್ದು ತಮಾಷೆಗಲ್ಲ ಎಂದು ಗೊತ್ತಾಯಿತು.

ದೇಮುಲ್‌ನಿಂದ ಹಳ್ಳಕ್ಕೆ ಇಳಿದು ಮತ್ತೆ ಲಾಲುಂಗ್‌ಗೆ ಏರಬೇಕು, ಅಲ್ಲಿಂದ ಕಾಲುದಾರಿ ಬೆಟ್ಟದ ಪಕ್ಕೆ ಹಿಡಿದು ಧಂಕರ್‌ಗೆ ಹೋಗುತ್ತದೆ. ಇಂಥ ಕಡೆ ರೆಸಿನ್ ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ, ಬಿಸಿಯಾದರೆ ಹಿಡಿತವೂ ಬಿಡುತ್ತದೆ. ನಾನು ಮೆಟಲ್ ಪ್ಯಾಡ್ ಹಾಕುತ್ತೇನೆ. ಕಿರುಚುತ್ತದೆ, ಕಿರುಚಲಿ. ಲಿವರನ್ನು ಉದ್ದಕ್ಕೂ ಅರ್ಧಂಬರ್ಧ ಎಳೆದಿಟ್ಟುಕೊಂಡು ಇಳಿಯುವುದಕ್ಕಿಂತ, ಗಟ್ಟಿಯಾಗಿ ಹಿಡಿದು ವೇಗ ಇಳಿಸಿ ಪೂರ್ತಿ ಬಿಟ್ಟುಬಿಟ್ಟರೆ ರೋಟರಿಗೆ ತಣಿಯಲು ಹೊತ್ತು ಸಿಗುತ್ತದೆ. ಒಂದು ಕಡೆ ಕಡಿದಾದ ಜಾರು ಇರುವ ಜಾಗಗಳಲ್ಲಿ ಸೈಕಲ್ಲನ್ನು ಕಣಿವೆಯ ಬದಿಗಿಟ್ಟು ನಡೆಸಿಕೊಂಡು ಹೋಗುತ್ತೇನೆ. ಜಾರಿದರೆ ಅದೇ ಹೋಗಲಿ.

ಧಂಕರ್ 3,894 ಮೀಟರ್, ಕೆಳಗೆ ಪಿನ್ ನದಿ ಬಂದು ಸ್ಪಿತಿಗೆ ಸೇರುತ್ತದೆ. ಹಿಂದಿನ ರಾತ್ರಿ ಲಾಲುಂಗ್‌ನಲ್ಲಿ ಉಳಿದು ಬೆಳಗ್ಗೆ ಇಲ್ಲಿಗೆ ಬಂದರೆ, ಮಠ ನೋಡಿ, ಊಟ ಮುಗಿಸಿ ಹೊರಡಬಹುದು. ಇಲ್ಲಿ ಮಾತ್ರ ನಾನು ಬೇಕೆಂದೇ ತಡಮಾಡುತ್ತೇನೆ. ಕೆಳಗೆ ನದಿಗುಂಟದ ರಸ್ತೆಯಲ್ಲಿರುವ ಶಿಚ್ಲಿಂಗ್‌ವರೆಗೆ 8 ಕಿಲೋಮೀಟರ್ ತಿರುವು ತಿರುವಾದ ರಸ್ತೆಯ ಇಳಿತ, ಅಲ್ಲಿಂದ ಕಾಜಾಕ್ಕೆ ನದಿಗುಂಟ ಸುಮಾರು 25 ಕಿಲೋಮೀಟರ್ ಮೇಲ್ಮುಖ. ಬೆಳಗ್ಗೆ ಹೊರಟರೆ ಅಷ್ಟೂ ದೂರ ಸ್ವಂತ ಕಾಲಿನದು. ಮಧ್ಯಾಹ್ನ ಎರಡು ಗಂಟೆಗೆ ಶಿಚ್ಲಿಂಗ್ ಮುಟ್ಟಿದರೆ, ಉಳಿದವರಿಗೆಲ್ಲ ಎದುರಾಗುವ ಅದೇ ಗಾಳಿ ಬೆನ್ನಿಗೆ ಬಿದ್ದು ಕಾಜಾದವರೆಗೂ ತಳ್ಳಿಕೊಂಡು ಹೋಗುತ್ತದೆ.