ಮಾತ್ರೆ ಹಿಡಿದಿರುವ ಹೊತ್ತು

ಬೆಳಿಗ್ಗೆ ಏಳು, ಹನ್ನೊಂದು, ಮಧ್ಯಾಹ್ನ ಮೂರು, ಸಂಜೆ ಏಳು. ನಮ್ಮ ಮನೆಯಲ್ಲಿ ರಾಹುಕಾಲ ನೋಡುವುದು ತಪ್ಪಿದರೂ ತಪ್ಪೀತು, ಈ ನಾಲ್ಕು ಹೊತ್ತು ತಪ್ಪುವುದಿಲ್ಲ. ನನ್ನ ಪಾರ್ಕಿನ್‌ಸನ್ ಮಾತ್ರೆಯ ವೇಳೆ ಇವು. ನುಂಗಿದ ಅರ್ಧ, ಮುಕ್ಕಾಲು ಗಂಟೆಗೆ ಮೈ ಸಡಿಲವಾಗುತ್ತದೆ, ಕಾಲು ಹೇಳಿದ ಮಾತು ಕೇಳುತ್ತದೆ. ಎರಡೂವರೆ ಗಂಟೆ ಹಾಗೇ ನಡೆದು, ಮುಂದಿನ ಮಾತ್ರೆ ಹತ್ತಿರ ಬರುತ್ತಿದ್ದಂತೆ ಮತ್ತೆ ಬಿಗಿಯತೊಡಗುತ್ತದೆ. ನಮ್ಮ ಯಜಮಾನರು ಮೊದಲನೆಯದಕ್ಕೆ ‘ಮಾತ್ರೆ ಹಿಡಿದಿದೆ’ ಅನ್ನುತ್ತಾರೆ, ಎರಡನೆಯದಕ್ಕೆ ‘ಬಿಟ್ಟಿದೆ’. ಫೋನ್ ಮಾಡಿದ ನೆಂಟರಿಗೂ ಅದೇ ಉತ್ತರ: ‘ಈಗ ಬಿಟ್ಟಿದೆ, ಹನ್ನೆರಡರ ಮೇಲೆ ಮಾಡಿ.’

ನನಗೀಗ ಎಪ್ಪತ್ತೊಂದು. ಮೈಸೂರಿನ ಸರಸ್ವತಿಪುರಂನಲ್ಲಿ ಇದ್ದೇವೆ, ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವಳು. ವಯಸ್ಸಾದವರು ‘ಒಂದೊಂದು ದಿನವೂ ದೇವರು ಕೊಟ್ಟ ವರ’ ಅಂದರೆ ನಾನು ತಲೆಯಾಡಿಸುತ್ತೇನೆ, ಆದರೆ ನನ್ನ ಲೆಕ್ಕ ಸ್ವಲ್ಪ ಬೇರೆ. ಇಡೀ ದಿನ ನನ್ನ ಕೈಗೆ ಬರುವುದಿಲ್ಲ. ಬರುವುದು ಒಂಬತ್ತು ಹತ್ತು ಗಂಟೆ, ಅದೂ ಬಿಡಿಬಿಡಿಯಾಗಿ. ಅಷ್ಟನ್ನು ಯಾವುದಕ್ಕೆ ಖರ್ಚು ಮಾಡಬೇಕು, ಯಾವುದಕ್ಕೆ ಮಾಡಬಾರದು ಅನ್ನುವುದನ್ನು ಈ ಕೆಲವು ವರ್ಷಗಳಲ್ಲಿ ಕಲಿತಿದ್ದೇನೆ.

ಕಾಯಿಲೆ ಮೊದಲು ಕಾಣಿಸಿಕೊಂಡದ್ದು ರಂಗೋಲಿಯಲ್ಲಿ. ಹದಿನೈದು ಚುಕ್ಕಿಯ ರಂಗೋಲಿ ಇಡುತ್ತಿದ್ದೆ. ಎಡಗಡೆ ಚುಕ್ಕಿಗಳು ಸರಿಯಾದ ಅಂತರದಲ್ಲಿ ಶುರುವಾಗಿ, ಬಲಕ್ಕೆ ಹೋಗುತ್ತಾ ಹೋಗುತ್ತಾ ಒತ್ತೊತ್ತಾಗಿ ಬೀಳುತ್ತಿದ್ದವು. ಗೆರೆ ಎಳೆದರೆ ಹೂವಿನ ಎಡಗಡೆಯ ಎಸಳು ಅಂಗೈಯಷ್ಟು, ಬಲಗಡೆಯದು ಹೆಬ್ಬೆರಳಷ್ಟು. ಕನ್ನಡಕ ಬದಲಾಯಿಸಿದೆ. ಬರವಣಿಗೆಯೂ ಹಾಗೇ ಆಗಿತ್ತು, ಸಾಲಿನ ಕೊನೆಗೆ ಬರುವಷ್ಟರಲ್ಲಿ ಅಕ್ಷರ ಇರುವೆಯಷ್ಟು. ಅದಕ್ಕೂ ಹಿಂದೆ ಒಗ್ಗರಣೆಯ ಇಂಗಿನ ವಾಸನೆ ಮೂಗಿಗೆ ಬರುವುದು ನಿಂತಿತ್ತು. ಮಲ್ಲಿಗೆ ಮುಡಿದರೂ ಮುಡಿದ ಹಾಗಿರಲಿಲ್ಲ. ಇನ್ನೂ ಹಿಂದಿನದು ಬೇಕೆಂದರೆ ನಮ್ಮ ಯಜಮಾನರನ್ನು ಕೇಳಬೇಕು. ನಾನು ನಿದ್ದೆಯಲ್ಲಿ ಕೂಗಿ, ಕೈ ಬೀಸಿ, ಅವರಿಗೆ ಒದೆಯುತ್ತಿದ್ದೆನಂತೆ. ಮೂವತ್ತು ವರ್ಷದ ಸೇಡು ಅಂದುಕೊಂಡು ಸುಮ್ಮನಿದ್ದರಂತೆ.

ಬಲ ಭುಜ ಹಿಡಿದುಕೊಂಡಾಗ ಮೂಳೆ ಡಾಕ್ಟರ ಹತ್ತಿರ ಹೋದೆ, ತಿಂಗಳುಗಟ್ಟಲೆ ಶಾಖ ಕೊಟ್ಟರು. ಕೊನೆಗೆ ಗುರುತು ಹಿಡಿದದ್ದು ನ್ಯೂರಾಲಜಿಸ್ಟ್. ಯಾವ ರಕ್ತಪರೀಕ್ಷೆಯೂ ಇಲ್ಲ. ಹೆಬ್ಬೆರಳು ತೋರುಬೆರಳು ತಟ್ಟಿಸಿದರು, ವರಾಂಡದಲ್ಲಿ ನಡೆಸಿದರು, ಬಲಗೈ ಬೀಸುತ್ತಿಲ್ಲ ಅಂದರು, ಹಿಂದಿನಿಂದ ಭುಜ ಹಿಡಿದು ಒಮ್ಮೆ ಜಗ್ಗಿದರು. ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳು ನಶಿಸುತ್ತಾ ಬರುವ ಕಾಯಿಲೆ, ವಾಸಿ ಮಾಡುವ ಮದ್ದಿಲ್ಲ, ಆದರೆ ಡೋಪಮೈನಿನ ಕೊರತೆ ತುಂಬುವ ಮದ್ದಿದೆ. ಇಷ್ಟು ಹೇಳಿ ಲೆವೊಡೋಪಾ–ಕಾರ್ಬಿಡೋಪಾ ಬರೆದುಕೊಟ್ಟರು.

ನಡುಕ ಮಾತ್ರ ನನಗೆ ಅಷ್ಟು ತೊಂದರೆ ಕೊಟ್ಟಿಲ್ಲ. ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ, ಥೇಟ್ ನೋಟು ಎಣಿಸುವ ಹಾಗೆ. ಹಳೆಯ ಸಹೋದ್ಯೋಗಿಯೊಬ್ಬರು ಮನೆಗೆ ಬಂದವರು ಅದನ್ನು ನೋಡಿ ‘ರಿಟೈರ್ ಆದರೂ ಕ್ಯಾಷ್ ಬಿಡಲಿಲ್ಲವಲ್ಲ ಮೇಡಂ’ ಅಂದರು. ನಾನೂ ನಕ್ಕೆ. ಕೈಗೆ ಕೆಲಸ ಕೊಟ್ಟರೆ ಈ ನಡುಕ ನಿಲ್ಲುತ್ತದೆ, ನಿದ್ದೆಯಲ್ಲೂ ನಿಲ್ಲುತ್ತದೆ. ಯಾರಾದರೂ ದಿಟ್ಟಿಸಿ ನೋಡಿದರೆ ಜಾಸ್ತಿಯಾಗುತ್ತದೆ. ಅದಕ್ಕೇ ಮದುವೆಮನೆಗಳಲ್ಲಿ ಕೈಯಲ್ಲಿ ಒಂದು ಕರವಸ್ತ್ರವೋ ತೆಂಗಿನಕಾಯಿಯೋ ಹಿಡಿದು ಕೂರುತ್ತೇನೆ.

ಮಾತ್ರೆಯ ಹೊತ್ತು ಎಷ್ಟು ಮುಖ್ಯವೋ ಊಟವೂ ಅಷ್ಟೇ ಮುಖ್ಯ ಅಂತ ನನಗೆ ತಿಳಿದದ್ದು ಏಕಾದಶಿಯಿಂದ. ನಿರಾಹಾರ ಮಾಡುವವಳಲ್ಲ ನಾನು, ಹಣ್ಣು, ಒಂದಿಷ್ಟು ಅವಲಕ್ಕಿ ಆಗುತ್ತದೆ. ಆ ದಿನ ಮಾತ್ರ ಹನ್ನೊಂದರ ಮಾತ್ರೆ ಬೇಗ ಹಿಡಿಯುವುದು, ಮೂರರವರೆಗೂ ಬಿಡದಿರುವುದು, ಕಾಲು ಹಗುರಾಗಿರುವುದು. ಎರಡು ಮೂರು ಏಕಾದಶಿ ಹೀಗಾದ ಮೇಲೆ ಹರಿಕೃಪೆ ಅಂತ ಡಾಕ್ಟರ ಹತ್ತಿರ ಹೇಳಿದೆ. ಅವರು ಬೇರೆ ದಿನ ಮಧ್ಯಾಹ್ನ ಏನು ಊಟ ಅಂತ ಕೇಳಿದರು. ಹೆಸರುಬೇಳೆ ಕೋಸಂಬರಿ, ಗಟ್ಟಿಯಾಗಿ ತೊಗರಿಬೇಳೆ ಹಾಕಿದ ಹುಳಿ, ಗಡ್ಡೆ ಮೊಸರು. ಲೆವೊಡೋಪಾ ಕರುಳಿನಿಂದ ರಕ್ತಕ್ಕೂ ರಕ್ತದಿಂದ ಮಿದುಳಿಗೂ ಹೋಗುವ ಬಾಗಿಲಲ್ಲೇ ಪ್ರೋಟೀನಿನ ಅಮೈನೋ ಆಮ್ಲಗಳೂ ಹೋಗಬೇಕಂತೆ. ಆ ನೂಕುನುಗ್ಗಲಲ್ಲಿ ಮಾತ್ರೆ ಹಿಂದೆ ಬೀಳುತ್ತದೆ.

ಅವತ್ತಿನಿಂದ ಅಡುಗೆಮನೆ ತಲೆಕೆಳಗಾಯಿತು. ಹಗಲು ತಿಳಿಸಾರು, ಪಲ್ಯ, ನೀರುಮಜ್ಜಿಗೆ. ಹುಳಿ, ಮೊಸರು, ಉಸಲಿ, ಕೋಸಂಬರಿ ಎಲ್ಲ ರಾತ್ರಿಗೆ. ರಾತ್ರಿ ಮಾತ್ರೆ ಬಿಟ್ಟರೂ ಮಲಗುವುದು ತಾನೇ. ಪ್ರೋಟೀನನ್ನೇ ಕಡಿಮೆ ಮಾಡುವುದಲ್ಲ, ಹೊತ್ತು ಬದಲಿಸುವುದು. ನಮ್ಮಂಥವರಿಗೆ ತೂಕ ಇಳಿಯುವ ಭಯ ಬೇರೆ ಇರುತ್ತದೆ. ಇದನ್ನು ಡಾಕ್ಟರನ್ನು ಕೇಳಿಯೇ ಮಾಡಬೇಕು. ಮಾತ್ರೆ ಊಟಕ್ಕೆ ಅರ್ಧ ಗಂಟೆಯಾದರೂ ಮುಂಚೆ, ಒಂದು ಲೋಟ ನೀರಿನೊಂದಿಗೆ. ಹಬ್ಬದ ದಿನ ಮಾತ್ರ ನನಗೆ ವಿನಾಯಿತಿ: ಯುಗಾದಿಗೆ ಮಧ್ಯಾಹ್ನವೇ ಹೋಳಿಗೆ ತಿಂದು, ಸಂಜೆಯವರೆಗೆ ಕುರ್ಚಿ ಬಿಟ್ಟೇಳುವುದಿಲ್ಲ. ಹಾಗಂತ ಹರಿಕೃಪೆ ಇಲ್ಲವೆಂದು ನಾನು ಹೇಳಿದೆನೇ?

ಮನೆಗೆ ಬಂದ ನೆಂಟರೊಬ್ಬರು ನಸುಗುನ್ನಿ ಬೀಜದ ಪುಡಿ ತಂದುಕೊಟ್ಟರು. ಆ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ನಿಜವಾಗಿರುವುದೇ ತೊಡಕು. ಮಾತ್ರೆಯ ಜೊತೆಗೆ ಅದೂ ಸೇರಿದರೆ ಒಟ್ಟು ಎಷ್ಟಾಯಿತೆಂದು ಅಳೆಯುವುದು ಹೇಗೆ? ಡಾಕ್ಟರು ಬೇಡ ಅಂದರು, ಡಬ್ಬಿ ಎತ್ತಿಟ್ಟೆ.

ನಡಿಗೆಯ ವಿಷಯಕ್ಕೆ ಬರುತ್ತೇನೆ. ಬಯಲಲ್ಲಿ ಚೆನ್ನಾಗಿ ನಡೆಯುವ ನಾನು ಹೊಸ್ತಿಲ ಬಳಿ ಬಂದರೆ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಮೈ ಮುಂದಕ್ಕೆ ಹೋಗುತ್ತದೆ, ಪಾದ ಅಲ್ಲೇ. ಬೀಳುವುದು ಆಗಲೇ. ಯಜಮಾನರು ಪಾಪ, ಕೈ ಹಿಡಿದು ಎಳೆಯುತ್ತಿದ್ದರು, ಎಳೆದಷ್ಟೂ ಅಂಟು ಹೆಚ್ಚು. ಫಿಸಿಯೋಥೆರಪಿಯ ಹುಡುಗಿ ಬಂದು ನೋಡಿ, ನೆಲದ ಮೇಲೆ ಅಡ್ಡಗೆರೆ ಹಾಕಿ ಅಮ್ಮಾ, ಒಂದೊಂದೇ ಗೆರೆ ದಾಟಿ ಅಂದಳು. ಸೀಮೆಸುಣ್ಣ ಹುಡುಕುವ ಬದಲು ಕೈಗೆ ಸಿಕ್ಕ ರಂಗೋಲಿ ಪುಡಿಯಲ್ಲೇ ಹಜಾರದಿಂದ ಅಡುಗೆಮನೆ ಹೊಸ್ತಿಲವರೆಗೆ ಗೆರೆ ಎಳೆದೆವು. ಕಾಲು ತಾನಾಗಿ ಎದ್ದಿತು! ಅಭ್ಯಾಸಬಲದ ನಡಿಗೆಯನ್ನು ನೋಡಿಕೊಳ್ಳುವ ಮಿದುಳಿನ ಭಾಗ ನನ್ನಲ್ಲಿ ಸೋತಿದೆ, ಕಣ್ಣಿಗೆ ಕಾಣುವ ಗುರಿಯಿಟ್ಟು ಹೆಜ್ಜೆ ಹಾಕಿದರೆ ಅದನ್ನು ಬೇರೆ ಭಾಗ ನಡೆಸುತ್ತದೆ ಅಂತ ಆಕೆ ವಿವರಿಸಿದಳು. ಕೆಲಸದವಳು ದಿನಾ ನೆಲ ಒರೆಸಿ ಗೆರೆ ಅಳಿಸುತ್ತಿದ್ದುದರಿಂದ ಈಗ ಹಳದಿ ಟೇಪು ಅಂಟಿಸಿದ್ದೇವೆ. ಬಚ್ಚಲಿನ ಬಾಗಿಲಿಗೆ, ದೇವರಮನೆಗೆ, ಮಂಚದ ಪಕ್ಕಕ್ಕೆ. ನೋಡಲು ಚೆನ್ನಾಗಿಲ್ಲ. ಮೊಮ್ಮಗ ಬಂದಾಗ ಅದರ ಮೇಲೆ ಕುಂಟೆಬಿಲ್ಲೆ ಆಡುತ್ತಾನೆ.

ಗೆರೆ ಇಲ್ಲದ ಕಡೆ ಕಾಲು ಅಂಟಿದರೆ ನಿಂತುಬಿಡುತ್ತೇನೆ. ಹೋಗಲೇಬೇಕೆಂದು ಗುದ್ದಾಡುವುದಿಲ್ಲ. ಭಾರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ, ತೊಡೆಯ ಮೇಲೆ ಮೆಲ್ಲಗೆ ಆದಿತಾಳ ತಟ್ಟಿ, ಎರಡನೇ ಆವರ್ತದ ಸಮಕ್ಕೆ ಕಾಲೆತ್ತುತ್ತೇನೆ. ಚಿಕ್ಕಂದಿನಲ್ಲಿ ಅಮ್ಮ ಬೈದು ಕಳಿಸಿದ ಸಂಗೀತದ ಪಾಠ ಇಲ್ಲಿಗೆ ಒದಗಿತು. ತಿರುಗುವಾಗ ನಿಂತಲ್ಲೇ ಗಕ್ಕನೆ ತಿರುಗದೆ ದೊಡ್ಡ ಸುತ್ತು ಹಾಕುತ್ತೇನೆ. ಮಲಗಿ ಎದ್ದಾಗ ಒಮ್ಮೆಲೇ ನಿಂತರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತೇ ಏಳುವುದು.

ರಾತ್ರಿ ಮಗ್ಗುಲಾಗುವುದು ಇನ್ನೊಂದು ಪಾಡು. ನೂಲಿನ ಹೊದಿಕೆಯ ಮೇಲೆ ಮೈ ಜಾರುವುದೇ ಇಲ್ಲ. ನುಣುಪಾದ ಬಟ್ಟೆ ಹಾಸಿ ಅಂದರು. ಸೆರಗು ಪಿಸಿದ ಹಳೆಯ ಮೈಸೂರು ಸಿಲ್ಕ್ ಸೀರೆಯೊಂದಿತ್ತು. ಚುಚ್ಚದಂತೆ ಜರಿಯಂಚು ಕತ್ತರಿಸಿ, ಮಂಚದ ನಡುಭಾಗಕ್ಕೆ ಅಡ್ಡಲಾಗಿ ಹಾಸಿ ಬಿಗಿಯಾಗಿ ಸಿಕ್ಕಿಸಿದೆ. ಸೊಂಟ ಜಾರುತ್ತದೆ, ಕಾಲ ಬಳಿ ಮಾತ್ರ ಹತ್ತಿ ಬಟ್ಟೆ ಇರಬೇಕು, ಒತ್ತಿಕೊಳ್ಳಲು ಹಿಡಿತ ಬೇಕಲ್ಲ. ರೇಷ್ಮೆ ಸೀರೆಯ ಮೇಲೆ ಮಲಗುವ ಯೋಗ ಮೈಸೂರಲ್ಲಿ ಅರಮನೆಯವರಿಗೂ ಇತ್ತೋ ಇಲ್ಲವೋ.

ನನ್ನ ಸೊಸೆ ಒಳ್ಳೆಯವಳು. ಒಂದು ಸಲ ಬಂದು ವಾರವಿದ್ದು ಹೋಗುವಾಗ ಮಗನ ಹತ್ತಿರ ‘ಅತ್ತೆಗೆ ನನ್ನ ಮೇಲೆ ಕೋಪ, ವಾರವಿಡೀ ಮುಖ ಗಂಟು’ ಅಂದಳಂತೆ. ಮುಖದ ಸ್ನಾಯುಗಳೂ ಬಿಗಿದು ನಗು ಒಳಗೇ ಉಳಿದುಬಿಡುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ. ಈಗ ನಾನು ಬಾಯಿಬಿಟ್ಟು ಹೇಳುತ್ತೇನೆ: ‘ಚೆನ್ನಾಗಿದೆ ಕಣಮ್ಮ, ನನಗೆ ಖುಷಿಯಾಗಿದೆ.’ ಮೊದಮೊದಲು ನಾಟಕದ ಮಾತಿನಂತೆ ಕೇಳಿಸಿತು. ನಲವತ್ತು ವರ್ಷದಲ್ಲಿ ಯಜಮಾನರಿಗೆ ಹೇಳದಷ್ಟು ಒಳ್ಳೆಯ ಮಾತು ಈಗ ಒಂದೇ ವರ್ಷದಲ್ಲಿ ಹೇಳಿರಬೇಕು. ದನಿಯೂ ಇಳಿದಿದೆ; ಅದಕ್ಕೆ ಬೆಳಿಗ್ಗೆ ಮಾತ್ರೆ ಹಿಡಿದ ಕೂಡಲೇ ಮನೆ ಹಾರಿಹೋಗುವ ಹಾಗೆ ಗಟ್ಟಿಯಾಗಿ ದೇವರನಾಮ ಹೇಳುತ್ತೇನೆ. ನನಗೆ ಅರಚಿದಂತೆ ಕೇಳಿಸಿದರೆ ಬೇರೆಯವರಿಗೆ ಮಾಮೂಲು ದನಿ.

ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ಆಸ್ಪತ್ರೆ ಸೇರಿದ್ದೆ. ಅಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಮಾತ್ರೆ ಕೊಡುವ ಪದ್ಧತಿ. ನನ್ನ ಏಳರದ್ದು ಒಂಬತ್ತೂವರೆಗೆ ಬಂತು. ಮೇಲಿಂದ ವಾಂತಿ ನಿಲ್ಲಲು ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೊಟ್ಟರು. ಅದು ಡೋಪಮೈನಿಗೆ ಅಡ್ಡ ನಿಲ್ಲುವ ಔಷಧ, ನಮ್ಮ ಕಾಯಿಲೆಯವರಿಗೆ ಕೊಡಬಾರದು. ಎರಡು ದಿನ ಲೋಟ ಎತ್ತಲಾಗಲಿಲ್ಲ. ಈಗ ಪರ್ಸಿನಲ್ಲಿ ಒಂದು ಕಾರ್ಡ್ ಇದೆ: ಕಾಯಿಲೆಯ ಹೆಸರು, ಮಾತ್ರೆಯ ಹೊತ್ತು, ಹೊತ್ತು ಮೀರಬಾರದು, ಮಾತ್ರೆ ಏಕಾಏಕಿ ನಿಲ್ಲಿಸಬಾರದು, ಮೆಟೊಕ್ಲೋಪ್ರಮೈಡ್ ಬೇಡ, ಅದರಂತೆಯೇ ಡೋಪಮೈನಿಗೆ ಅಡ್ಡ ನಿಲ್ಲುವ ಹ್ಯಾಲೊಪೆರಿಡಾಲ್ ಬೇಡ. ಈ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಈ ಕಾರ್ಡನ್ನು ನೆನಪಿಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್‌ಸನ್ ಇದೆ ಅನ್ನುವುದೂ ಹಲವರಿಗೆ ಗೊತ್ತಿಲ್ಲ.

ಇನ್ನು ಖರ್ಚಿನ ಲೆಕ್ಕ. ಬೆಳಗಿನ ಮಾತ್ರೆ ಹಿಡಿದ ಹೊತ್ತು ಅತಿ ಒಳ್ಳೆಯದು, ಅದನ್ನು ಸ್ನಾನಕ್ಕೂ ತರಕಾರಿ ಹೆಚ್ಚುವುದಕ್ಕೂ ಸುರಿಯುತ್ತಿದ್ದೆ. ಈಗ ಸ್ನಾನ ಸಂಜೆಗೆ ಹೋಗಿದೆ. ಮಡಿ ಅಂತ ಮೊದಲು ಮನಸ್ಸು ಒಪ್ಪಲಿಲ್ಲ, ಕೈಕಾಲು ತೊಳೆದು ದೀಪ ಹಚ್ಚಿದರೂ ದೇವರು ಬೇಡ ಅನ್ನಲಿಲ್ಲ. ತರಕಾರಿ ಯಜಮಾನರ ಪಾಲು, ಬೀನ್ಸನ್ನು ಅವರು ಸೌದೆಯಂತೆ ಒಡೆದರೂ ನಾನು ಮಾತಾಡುವುದಿಲ್ಲ. ಆ ಹೊತ್ತಲ್ಲಿ ಕುಕ್ಕರಹಳ್ಳಿ ಕೆರೆಯ ದಂಡೆಗೆ ಹೋಗುತ್ತೇವೆ. ಎದುರಿಗೆ ಬರುವವರ ಕೈ ನೋಡುವ ಚಟ ನನಗೆ. ಒಂದು ಕೈ ಬೀಸಿ ಇನ್ನೊಂದು ಬೀಸದಿದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆ. 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ನೋಡಿದ್ದು ಆರೇ ಜನರನ್ನು, ಅವರಲ್ಲೂ ಕೆಲವರನ್ನು ಬೀದಿಯಲ್ಲಿ ಕಂಡದ್ದು. ನಾನು ಯಾರಿಗೂ ಏನೂ ಹೇಳುವುದಿಲ್ಲ.

ಮಾತ್ರೆ ಬಿಟ್ಟ ಹೊತ್ತಿಗೆ ಬೇರೆ ಕಾನೂನು. ಆಗ ಬಿಗಿಯುವುದು ಕೈಕಾಲಷ್ಟೇ ಅಲ್ಲ, ಎದೆಯಲ್ಲಿ ಒಂದು ಕಳವಳ ಏಳುತ್ತದೆ. ನಾನು ಹೊರೆಯಾದೆ, ಮಗ ದೂರವಾದ, ಮುಂದೆ ಹಾಸಿಗೆ ಹಿಡಿಯುತ್ತೇನೆ. ಇವೆಲ್ಲ ಸತ್ಯವೇ ಅನ್ನಿಸುತ್ತದೆ. ಡೈರಿಯಲ್ಲಿ ಹೊತ್ತು ಬರೆದಿಟ್ಟು ನೋಡಿದಾಗ ಅಳು ಬರುತ್ತಿದ್ದುದು ಹೆಚ್ಚಾಗಿ ಹತ್ತೂವರೆಗೆ, ಎರಡೂವರೆಗೆ. ಮಾತ್ರೆ ಇಳಿಯುವಾಗ ಮನಸ್ಸೂ ಇಳಿಯುವುದು ಈ ಕಾಯಿಲೆಯ ಭಾಗವೇ ಅಂದರು ಡಾಕ್ಟರು. ಹಾಗಾಗಿ ಬಿಟ್ಟ ಹೊತ್ತಿನಲ್ಲಿ ಮಗನಿಗೆ ಫೋನ್ ಮಾಡುವುದಿಲ್ಲ, ಉಯಿಲಿನ ಮಾತು ಎತ್ತುವುದಿಲ್ಲ, ಯಾರ ಮೇಲೂ ತೀರ್ಪು ಕೊಡುವುದಿಲ್ಲ. ಆಕಾಶವಾಣಿ ಹಾಕಿಕೊಂಡು ಕಿಟಕಿಯ ಬಳಿ ಕೂರುತ್ತೇನೆ. ಮುಂದಿನ ಮಾತ್ರೆ ಹಿಡಿದ ಮೇಲೂ ಅದೇ ದುಃಖ ಉಳಿದಿದ್ದರೆ ಆಗ ಅದರ ಬಗ್ಗೆ ಯೋಚಿಸಿದರಾಯಿತು. ಕೆಲವು ಉಳಿಯುತ್ತವೆ.

ಇದು ಹೀಗೇ ಇರುವುದಿಲ್ಲ, ಗೊತ್ತು. ಮೂರು ಮಾತ್ರೆಯಿದ್ದದ್ದು ನಾಲ್ಕಾಗಿದೆ, ಐದಾಗುತ್ತದೆ. ಹಿಡಿದಿರುವ ಹೊತ್ತು ಇನ್ನೂ ಮೊಟಕಾಗುತ್ತದೆ, ಮಾತ್ರೆ ಹೆಚ್ಚಾದಾಗ ಮೈ ಬೇಡದಿದ್ದರೂ ಕುಣಿಯುವುದು ಶುರುವಾಗಬಹುದು. ಮಿದುಳಿಗೆ ತಂತಿ ಇಡುವ ಶಸ್ತ್ರಚಿಕಿತ್ಸೆಯ ಮಾತು ಬಂದಿತ್ತು, ನನಗೆ ಬೇಡ ಅನ್ನಿಸಿತು. ದಸರಾ ಗೊಂಬೆ ಒಂಬತ್ತು ಮೆಟ್ಟಿಲಿಂದ ಮೂರಕ್ಕೆ ಇಳಿದಿದೆ. ಪಟ್ಟದ ಗೊಂಬೆ ಕೂರಿಸುವುದು ಮಾತ್ರ ನಾನೇ, ಹನ್ನೆರಡು ಗಂಟೆಗೆ.

ಮುಂದಿನ ವಾರ ಡಾಕ್ಟರ ಹತ್ತಿರ ಹೋಗುವುದಿದೆ. ಕೆಲಸದವಳ ಮಗಳಿಗೆ ಸಂಜೆ ಲೆಕ್ಕ ಹೇಳಿಕೊಡುತ್ತೇನೆ, ಕ್ಯಾಷ್ ಕೌಂಟರಿನ ಬುದ್ಧಿ ಇನ್ನೂ ಚುರುಕಾಗಿದೆ. ಈ ವರ್ಷ ಅವಳು ಎಸ್ಸೆಸ್ಸೆಲ್ಸಿ, ಶಾಲೆಯಲ್ಲಿ ಸಂಜೆಯ ವಿಶೇಷ ತರಗತಿ ಇರುವುದರಿಂದ ಇನ್ನು ಆರು ಗಂಟೆಗೆ ಬರುತ್ತೇನೆ ಅಂದಿದ್ದಾಳೆ. ಆರಕ್ಕೆ ನನ್ನದು ಬಿಡುವ ಹೊತ್ತು. ಮೂರರದ್ದನ್ನೂ ಏಳರದ್ದನ್ನೂ ಸ್ವಲ್ಪ ಆಚೀಚೆ ಮಾಡಬಹುದೇ ಅಂತ ಚೀಟಿಯಲ್ಲಿ ಮೊದಲ ಪ್ರಶ್ನೆಯಾಗಿ ಬರೆದುಕೊಂಡಿದ್ದೇನೆ.